ಗೋಣಿತಟ್ಟಿನ ಮೇಲೆ ಹೊಲಿದ ಶೋಕ

ಅಂತ್ಯಸಂಸ್ಕಾರ ಯಾರಿಗಾಗಿ? ಮೃತರಿಗಾಗಿಯೋ, ಉಳಿದವರಿಗಾಗಿಯೋ? ಇಬ್ಬರಿಗಾಗಿಯೂ ಎಂದು ಧರ್ಮಸಭೆ ಉತ್ತರಿಸುತ್ತದೆ. ಮೃತರ ಆತ್ಮವನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ. ಉಳಿದವರ ಕೈಹಿಡಿದು ಸಮಾಧಿಯ ಬಳಿಯಿಂದ ಮನೆಗೆ ಕರೆತರುತ್ತೇವೆ. ಆದರೆ ಮಣ್ಣಿಗೆ ಒಪ್ಪಿಸಲು ದೇಹವೇ ಇಲ್ಲದಿದ್ದರೆ? ಮಗ ಸತ್ತನೆಂದು ಹೇಳುವವರೂ ಇಲ್ಲ, ಬದುಕಿದ್ದಾನೆಂದು ಹೇಳುವವರೂ ಇಲ್ಲ ಎನ್ನುವ ಸ್ಥಿತಿಯಲ್ಲಿ ತಾಯಿಯೊಬ್ಬಳು ಯಾವ ಪ್ರಾರ್ಥನೆಯನ್ನು ಹೇಳಬೇಕು? ಕಡಲಿಗೆ ಹೋಗಿ ಮರಳಿ ಬಾರದ ಮೀನುಗಾರರ ಮನೆಗಳಿಂದಾಗಿ ಈ ಪ್ರಶ್ನೆ ನಮ್ಮ ಕರಾವಳಿಗೂ ಅಪರಿಚಿತವಲ್ಲ. ಆದರೆ ಕಡಲು ಸುಳ್ಳು ಹೇಳುವುದಿಲ್ಲ. ಮನುಷ್ಯರೇ ಮನುಷ್ಯರನ್ನು ಮರೆಮಾಡಿ, ಅಂಥವರನ್ನು ನಾವು ಬಂಧಿಸಿಯೇ ಇಲ್ಲ ಎಂದು ಸಾಧಿಸಿದಾಗ ಶೋಕಕ್ಕೆ ವಿಷವೂ ಬೆರೆಯುತ್ತದೆ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆದದ್ದು ಇದು.

1973ರ ಸೆಪ್ಟೆಂಬರ್ 11ರಂದು ಜನರಲ್ ಪಿನೋಚೆಟ್ ನೇತೃತ್ವದ ಸೇನೆ ಅಧ್ಯಕ್ಷ ಸಾಲ್ವಡಾರ್ ಅಲೆಂಡೆಯವರ ಚುನಾಯಿತ ಸರ್ಕಾರವನ್ನು ಉರುಳಿಸಿತು. 1990ರ ಮಾರ್ಚ್‌ವರೆಗೂ ಸರ್ವಾಧಿಕಾರ ಮುಂದುವರಿಯಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿ ಕೊಲೆಯಾದರು ಇಲ್ಲವೇ ಕಣ್ಮರೆಯಾದರು. ಕಥೋಲಿಕರು, ಲೂಥರನ್ನರು, ಮೆಥೊಡಿಸ್ಟರು, ಯೆಹೂದ್ಯರು ಸೇರಿ ನೊಂದವರಿಗಾಗಿ ಕಟ್ಟಿದ್ದ ಸಮಿತಿಯನ್ನು ಪಿನೋಚೆಟ್ 1975ರ ಕೊನೆಯಲ್ಲಿ ಒತ್ತಡ ಹಾಕಿ ಮುಚ್ಚಿಸಿದನು. ಮರುದಿನವೇ ಎನ್ನುವಂತೆ, 1976ರ ಜನವರಿ 1ರಂದು, ಸಾಂತಿಯಾಗೊದ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ರಾವುಲ್ ಸಿಲ್ವಾ ಎನ್ರಿಕೆಸ್ ಅದೇ ಕೆಲಸವನ್ನು ತಮ್ಮ ಮಹಾಧರ್ಮಕ್ಷೇತ್ರದ ಅಂಗವಾಗಿಯೇ ಮುಂದುವರಿಸಿದರು. ಅದರ ಹೆಸರು ವಿಕಾರಿಯಾ ದೆ ಲಾ ಸೊಲಿದಾರಿದಾದ್; ನೊಂದವರ ಪಕ್ಕದಲ್ಲಿ ನಿಲ್ಲುವ ಕಚೇರಿ ಎಂದು ಭಾವಾನುವಾದ ಮಾಡಿಕೊಳ್ಳಬಹುದು. ಸಮಿತಿಯನ್ನು ಮುಚ್ಚಿಸುವುದು ಸುಲಭವಿತ್ತು, ಧರ್ಮಕ್ಷೇತ್ರವನ್ನು ಮುಚ್ಚಿಸುವುದು ಸುಲಭವಿರಲಿಲ್ಲ.

ಕಾಣೆಯಾದವರ ತಾಯಂದಿರು, ಮಡದಿಯರು, ಅಕ್ಕತಂಗಿಯರು ಮೊದಲು ಆ ಸಮಿತಿಯ ಆಶ್ರಯದಲ್ಲಿ, ಅನಂತರ ಈ ಕಚೇರಿಯ ಆಶ್ರಯದಲ್ಲಿ ಒಟ್ಟಾಗಿ ಕುಳಿತು ಹೊಲಿಯತೊಡಗಿದರು. ಹಿಟ್ಟಿನ ಗೋಣಿಯ ಒಂದು ತುಂಡು, ಅದರ ಮೇಲೆ ಹಳೆಯ ಬಟ್ಟೆಯ ಚೂರುಗಳು, ಉಣ್ಣೆಯ ನೂಲು. ಗೋಣಿತಟ್ಟಿಗೆ ಅವರ ಭಾಷೆಯಲ್ಲಿ ಅರ್ಪಿಯೆರಾ ಎನ್ನುತ್ತಾರೆ. ಆ ಚಿತ್ರಗಳಿಗೂ ಅದೇ ಹೆಸರಾಯಿತು. ಗಾಯಕಿ ವಿಯೊಲೆಟಾ ಪಾರ್ರಾ ಇಂಥ ಕಸೂತಿಯನ್ನು 1964ರಲ್ಲೇ ಪ್ಯಾರಿಸಿನ ಲೂವ್ರ್‌ನಲ್ಲಿ ಪ್ರದರ್ಶಿಸಿದ್ದರು. ಆದರೆ ಈ ಹೆಂಗಸರು ಕಲಾವಿದೆಯರಲ್ಲ, ಬಹುಪಾಲು ಬಡವರು. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ, ಧೋತರಗಳನ್ನು ಸೇರಿಸಿ ಕೌದಿ ಹೊಲಿಯುವುದನ್ನು ಕಂಡವರಿಗೆ ಈ ಕೆಲಸದ ಒಳಗು ಸುಲಭವಾಗಿ ಅರ್ಥವಾದೀತು. ಕೌದಿಯಲ್ಲಿ ತೀರಿಕೊಂಡ ಅಜ್ಜನ ಧೋತರದ ಅಂಚೂ ಇರುತ್ತದೆ, ಅದನ್ನು ಹೊದ್ದು ಮಲಗುವುದು ಮೊಮ್ಮಗು. ಅರ್ಪಿಯೆರಾದಲ್ಲಿಯೂ ಕೆಲವೊಮ್ಮೆ ಕಾಣೆಯಾದವನ ಅಂಗಿಯ ತುಂಡೇ ಚಿತ್ರದ ಪುಟ್ಟ ಗೊಂಬೆಗೆ ಉಡುಪಾಗುತ್ತಿತ್ತು. ಹಿನ್ನೆಲೆಯಲ್ಲಿ ಆಂಡಿಸ್ ಪರ್ವತ, ಸೂರ್ಯ. ಮುಂದೆ ಮನೆಯಿಂದ ಒಬ್ಬನನ್ನು ಎಳೆದೊಯ್ಯುವ ಸೈನಿಕರು, ಹಸಿದ ಬೀದಿಯ ಸಾಮೂಹಿಕ ಅಡುಗೆಯ ಹಂಡೆ, 'ಅವರು ಎಲ್ಲಿ?' ಎಂದು ಕೇಳುವ ಫಲಕ. ಹಿಂಬದಿಯಲ್ಲಿ ಸಣ್ಣ ಜೇಬೊಂದನ್ನು ಹೊಲಿದು, ನಡೆದುದೇನೆಂದು ಬರೆದ ಚೀಟಿಯನ್ನು ಅದರಲ್ಲಿ ಇಡುವುದೂ ಉಂಟು.

ಇದರಿಂದ ಗಾಯ ಮಾಯಿತೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ನೆನಪಾಗುವುದು ಸಂತ ತೋಮಾಸ್ ಅಕ್ವಿನಾಸರು. ಅವರು ತಮ್ಮ ದೈವಶಾಸ್ತ್ರ ಮಹಾಸಂಗ್ರಹದಲ್ಲಿ ದುಃಖಕ್ಕೆ ಐದು ಪರಿಹಾರಗಳನ್ನು ಹೇಳುತ್ತಾರೆ: ಸಂತೋಷ, ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಚಿಂತನೆ, ಕೊನೆಯದಾಗಿ ನಿದ್ದೆ ಮತ್ತು ಸ್ನಾನ. (ಗುರುಮಠದಲ್ಲಿ ಸ್ನಾನದ ಮಾತು ಬಂದಾಗ ವಿದ್ಯಾರ್ಥಿಗಳು ನಗುವುದುಂಟು, ಆದರೆ ಮನುಷ್ಯನಿಗೆ ದೇಹವೂ ಇದೆಯೆಂಬುದನ್ನು ಆ ಮಹಾಜ್ಞಾನಿ ಮರೆತಿರಲಿಲ್ಲ.) ಒಳಗೇ ಮುಚ್ಚಿಟ್ಟ ನೋವು ಮನಸ್ಸಿನ ಎಲ್ಲ ಗಮನವನ್ನೂ ತನ್ನತ್ತ ಎಳೆದುಕೊಂಡು ಹೆಚ್ಚು ಇರಿಯುತ್ತದೆ, ಹೊರಬಂದಾಗ ಅದರ ಮೊನೆ ಮೊಂಡಾಗುತ್ತದೆ ಎಂಬುದು ಅವರ ವಾದ. ಸ್ನೇಹಿತರ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳುತ್ತಾರೆ. ಹೊರೆಯನ್ನು ಹಂಚಿಕೊಂಡಂತೆ ಅನಿಸುವುದು ಒಂದು ಕಾರಣ. ಅದಕ್ಕಿಂತ ಮಿಗಿಲಾದ ಕಾರಣವೆಂದರೆ, ತನ್ನ ಜೊತೆ ಅಳುವವರನ್ನು ಕಂಡಾಗ ತಾನು ಪ್ರೀತಿಗೆ ಪಾತ್ರನೆಂಬುದು ದುಃಖಿಗೆ ತಿಳಿಯುತ್ತದೆ. ಚಿಲಿಯ ಸರ್ವಾಧಿಕಾರ ಕಿತ್ತುಕೊಂಡದ್ದು ಇದನ್ನೇ. ಕಾಣೆಯಾದವನ ಮನೆಗೆ ನೆರೆಯವರು ಬರಲು ಅಂಜುತ್ತಿದ್ದರು. ಹೊಲಿಗೆಯ ಮೇಜು ಆ ಹೆಂಗಸರಿಗೆ ನೆರೆಹೊರೆಯನ್ನು ಮರಳಿ ಕೊಟ್ಟಿತು. ಶೋಕವನ್ನು ಅದು ಕಳೆಯಲಿಲ್ಲ. ಶೋಕದ ಒಂಟಿತನವನ್ನು ಕಳೆಯಿತು.

ಹೊಲಿಗೆಯ ಜೊತೆ ನೃತ್ಯವೂ ಬಂತು. ಕ್ವೇಕಾ ಎಂಬುದು ಚಿಲಿಯ ಜನಪದ ನೃತ್ಯ. ಹೆಣ್ಣು, ಗಂಡು ಕೈಯಲ್ಲಿ ಕರವಸ್ತ್ರ ಹಿಡಿದು ಎದುರುಬದುರಾಗಿ ಕುಣಿಯುತ್ತಾರೆ. 1978ರಲ್ಲಿ ಈ ಹೆಂಗಸರು ಕಾಣೆಯಾದವರ ಭಾವಚಿತ್ರವನ್ನು ಎದೆಗೆ ಚುಚ್ಚಿಕೊಂಡು ಒಬ್ಬೊಬ್ಬರೇ ಕುಣಿದರು. ಎದುರಿನ ಜಾಗ ಖಾಲಿ. ಮರುವರ್ಷ ಸರ್ವಾಧಿಕಾರಿಯ ಸರ್ಕಾರ ಇದೇ ಕ್ವೇಕಾವನ್ನು ರಾಷ್ಟ್ರನೃತ್ಯವೆಂದು ಘೋಷಿಸಿತು! ಒಂದೇ ಕಲೆಯನ್ನು ಮುಚ್ಚಲೂ ಬಳಸಬಹುದು, ತೆರೆಯಲೂ ಬಳಸಬಹುದು. ಹಾಗಾಗಿ 'ಕಲೆ ಗಾಯವನ್ನು ಮಾಯಿಸುತ್ತದೆ' ಎಂದು ಸಾರಾಸಗಟಾಗಿ ಹೇಳುವವರ ಮಾತನ್ನು ನಾನು ಒಪ್ಪಲಾರೆ.

ಅರ್ಪಿಯೆರಾಗಳನ್ನು ವಿಕಾರಿಯಾ ಕೊಂಡು, ವಿದೇಶಗಳಿಗೆ ಕಳುಹಿಸಿ ಮಾರುತ್ತಿತ್ತು. ಕಣ್ಣೀರನ್ನು ಮಾರಬಹುದೇ ಎಂದು ಕೇಳುವವರಿದ್ದಾರೆ. ದುಡಿಯುವ ಗಂಡಸನ್ನು ಕಳೆದುಕೊಂಡ ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಬೇಕಿತ್ತು. ಅಷ್ಟು ಉತ್ತರ ಸಾಕು.

ಹೆಚ್ಚು ತೂಕದ ಪ್ರಶ್ನೆ ಬೇರೆಯೇ ಇದೆ. ಸತ್ಯ ಹೊರಬರದೆಯೇ, ನ್ಯಾಯ ಸಿಗದೆಯೇ, ಆಚರಣೆಯೊಂದು ಜನರನ್ನು ಸಂತೈಸಬಹುದೇ? ಸಂತೈಸಬೇಕೇ? 1978ರ ಏಪ್ರಿಲ್‌ನಲ್ಲಿ ಸೇನಾ ಸರ್ಕಾರ ಅದುವರೆಗಿನ ತನ್ನ ಅಪರಾಧಗಳಿಗೆ ತಾನೇ ಕ್ಷಮಾದಾನ ಕೊಟ್ಟುಕೊಂಡು ಶಾಂತಿಯ ಮಾತನಾಡಿತು. ಅದೇ ವರ್ಷದ ಕೊನೆಗೆ, ಗುಟ್ಟಾಗಿ ಬಂದ ಸುಳಿವನ್ನು ಹಿಡಿದು ಧರ್ಮಸಭೆಯ ಪ್ರತಿನಿಧಿಗಳು ಲೊಂಕೆನ್ ಎಂಬಲ್ಲಿನ ಪಾಳುಬಿದ್ದ ಸುಣ್ಣದ ಗೂಡುಗಳಿಗೆ ಹೋದರು. ಒಳಗೆ ಹದಿನೈದು ಮಂದಿಯ ಅವಶೇಷಗಳಿದ್ದವು. 1973ರ ಅಕ್ಟೋಬರ್‌ನಲ್ಲಿ ಬಂಧಿತರಾದ ಗ್ರಾಮೀಣರು ಅವರು. ಒಬ್ಬ ತಂದೆ ಮತ್ತು ಆತನ ನಾಲ್ವರು ಗಂಡುಮಕ್ಕಳೂ ಅವರಲ್ಲಿದ್ದರು. ಕಾಣೆಯಾದವರೆಂದರೆ ಕೊಲೆಯಾದವರು ಎಂಬುದು ಅಂದು ಮೊದಲ ಬಾರಿಗೆ ಸಾಬೀತಾಯಿತು. 1979ರ ಸೆಪ್ಟೆಂಬರ್‌ನಲ್ಲಿ ಅವಶೇಷಗಳನ್ನು ಒಪ್ಪಿಸುತ್ತಾರೆಂದು ಕುಟುಂಬದವರು ಸಾಂತಿಯಾಗೊದ ದೇವಾಲಯವೊಂದರಲ್ಲಿ ಬಲಿಪೂಜೆಗಾಗಿ ಕಾದು ಕುಳಿತರು. ಶವಪೆಟ್ಟಿಗೆಗಳು ಬರಲೇ ಇಲ್ಲ. ಅಧಿಕಾರಿಗಳು ಅವಶೇಷಗಳನ್ನು ಕದ್ದುಮುಚ್ಚಿ ಸಾಮೂಹಿಕ ಗುಂಡಿಗೆ ಹಾಕಿಸಿದ್ದರು. ಆಚರಣೆಯ ಬೆಲೆ ಏನೆಂಬುದನ್ನು ಆ ಸರ್ಕಾರ ನಮಗಿಂತ ಚೆನ್ನಾಗಿ ಬಲ್ಲದೆಂದು ತೋರುತ್ತದೆ. ಇಲ್ಲವಾದರೆ ಒಂದು ಅಂತ್ಯಕ್ರಿಯೆಗೆ ಇಷ್ಟು ಹೆದರಬೇಕಿರಲಿಲ್ಲ. ಜನರು ಆ ಗೂಡುಗಳಿಗೆ ಯಾತ್ರೆ ಹೋಗತೊಡಗಿದ್ದರು. 1980ರಲ್ಲಿ ಗೂಡುಗಳನ್ನೇ ಸಿಡಿಮದ್ದು ಇಟ್ಟು ಉರುಳಿಸಲಾಯಿತು.

ಇದಕ್ಕೆ ವಿರುದ್ಧ ದಿಕ್ಕಿನ ಘಟನೆಯೂ ಉಂಟು. ಸಾಂತಿಯಾಗೊದ ಸಾರ್ವಜನಿಕ ಸ್ಮಶಾನದ 29ನೇ ಅಂಗಳದಲ್ಲಿ ಹೆಸರಿಲ್ಲದ ಶಿಲುಬೆಗಳ ಕೆಳಗೆ ಹೂತಿದ್ದವರನ್ನು 1991ರಲ್ಲಿ ಹೊರತೆಗೆಯಲಾಯಿತು. ವೈದ್ಯರು 96 ಮಂದಿಯನ್ನು ಗುರುತಿಸಿದರು. ಕುಟುಂಬಗಳು ಬಲಿಪೂಜೆ ಅರ್ಪಿಸಿ, ಹೂವಿಟ್ಟು, ಅತ್ತು, ಕೊನೆಗೂ ನೆಮ್ಮದಿ ಕಂಡುಕೊಂಡವು. 2006ರಲ್ಲಿ ಸರ್ಕಾರ ಪ್ರಕಟಿಸಿತು: 48 ಗುರುತುಗಳು ತಪ್ಪು. ಆ ತಾಯಂದಿರ ಮನೋಸ್ಥಿತಿಯನ್ನು ಊಹಿಸಿಕೊಳ್ಳಿ. ಆಚರಣೆಯ ಫಲ ಬರೀ ಮನಸ್ಸಿನ ಹಗುರವೇ ಆಗಿದ್ದರೆ, ಆ ಹಗುರ ಅವರಿಗೆ ಆಗಲೇ ದೊರೆತಿತ್ತು; ಗೋರಿಯಲ್ಲಿ ಯಾರಿದ್ದರೇನು? ಹಾಗೆ ಯಾರೂ ಹೇಳಲಾರರು. ಅಕ್ವಿನಾಸರ ನಾಲ್ಕನೆಯ ಪರಿಹಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಸತ್ಯವನ್ನು ಬಿಟ್ಟ ಸಾಂತ್ವನ, ತಾನು ಸುಳ್ಳೆಂದು ತಿಳಿದ ದಿನ, ಎರಡನೆಯ ಗಾಯವಾಗುತ್ತದೆ.

ಹಾಗಾದರೆ ಸತ್ಯ ತಿಳಿಯುವ ತನಕ ತಾಯಿ ಸಾಂತ್ವನವಿಲ್ಲದೆ ಕಾಯಬೇಕೇ? ಸಂತೈಸಿಕೊಳ್ಳಲು ಒಪ್ಪದ ರಾಖೇಲಳನ್ನು ಪ್ರವಾದಿ ಯೆರೆಮೀಯನು ಗದರಿಸುವುದಿಲ್ಲ. ಅರ್ಪಿಯೆರಾದ ಹಿರಿಮೆ ನನಗೆ ಕಾಣುವುದು ಇಲ್ಲಿ. ಅದು ಗೋರಿಯ ಬದಲಿ ಎಂದು ಹೇಳಿಕೊಳ್ಳಲಿಲ್ಲ. 'ಅವರು ಎಲ್ಲಿ?' ಎಂಬ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಹೊಲಿದು ಇಟ್ಟಿತು. ತಿಳಿಯದ್ದನ್ನು ತಿಳಿದಂತೆ ನಟಿಸದೆಯೂ ಜನರನ್ನು ಒಂದೆಡೆ ಕೂಡಿಸುವ ಆಚರಣೆ ಸಾಧ್ಯ. ನಮ್ಮ ಪವಿತ್ರ ಶನಿವಾರವೂ ಅಂಥದ್ದೇ ಅಲ್ಲವೇ? ಅಂದು ಪೀಠ ಬರಿದು, ಪ್ರಸಾದ ಮಂಜೂಷ ಬರಿದು. ಯಾವ ಗುರುವೂ ಅಂದು ಹಗಲಿನಲ್ಲಿ ಆತುರಪಟ್ಟು ಅಲ್ಲೆಲೂಯ ಹಾಡುವುದಿಲ್ಲ.

ಕ್ಷಮೆಯ ಕುರಿತು ಬೋಧಿಸುವ ನಾವು ಗುರುಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕೋಮುಗಲಭೆಯೋ ಜಾತಿ ಹಿಂಸೆಯೋ ನಡೆದ ಊರಿನಲ್ಲಿ ವಾರದೊಳಗೆ ಶಾಂತಿಸಭೆ ಕರೆದು, ಮೇಣದಬತ್ತಿ ಹಚ್ಚಿಸಿ, ಎಲ್ಲರಿಂದ ಹಾಡಿಸಿ ಭಾವಚಿತ್ರ ತೆಗೆಸಿಕೊಳ್ಳುವ ಉತ್ಸಾಹ ನಮ್ಮಲ್ಲಿ ಕಡಿಮೆಯೇನಿಲ್ಲ. ಅಲ್ಲಿ ಹಾಡಲು ಮನಸ್ಸಾಗದೆ ಹಿಂದೆ ಉಳಿದವಳನ್ನು 'ಇನ್ನೂ ಕ್ಷಮಿಸದವಳು' ಎಂದು ಕಾಣುವುದು ಅನ್ಯಾಯ. ಪುನರುತ್ಥಾನರಾದ ಪ್ರಭು ತೋಮನಿಗೆ ತಮ್ಮ ಗಾಯಗಳನ್ನೇ ತೋರಿಸಿದರು, ಅವು ಮಾಸಿಹೋಗಿರಲಿಲ್ಲ.

ಚಿಲಿಯಲ್ಲಿ ಸತ್ಯ ನಿಧಾನವಾಗಿ ಬಂದಿದೆ. 1990ರ ಮಾರ್ಚ್‌ನಲ್ಲಿ, ಒಮ್ಮೆ ಬಂದೀಖಾನೆಯಾಗಿದ್ದ ರಾಷ್ಟ್ರೀಯ ಕ್ರೀಡಾಂಗಣದಲ್ಲೇ, ಹೊಸ ಅಧ್ಯಕ್ಷರ ಎದುರು ಆ ಹೆಂಗಸರು ಒಂಟಿ ಕ್ವೇಕಾ ಕುಣಿದರು. ಮರುವರ್ಷ ಸತ್ಯಶೋಧನಾ ಆಯೋಗದ ವರದಿಯನ್ನು ದೇಶದ ಮುಂದಿಡುವಾಗ ಅಧ್ಯಕ್ಷ ಪಾಟ್ರಿಸಿಯೊ ಐಲ್ವಿನ್ ಕುಟುಂಬಗಳ ಕ್ಷಮೆ ಕೋರಿದರು. ಅವರ ದನಿ ನಡುಗಿತು. ಲೊಂಕೆನ್‌ನಲ್ಲಿ ಸಿಕ್ಕವರಿಗೆ 2010ರಲ್ಲಿ ಹೆಸರು ಸಹಿತ ಸಮಾಧಿ ದೊರೆಯಿತು, ಸತ್ತ ಮೂವತ್ತೇಳನೆಯ ವರ್ಷಕ್ಕೆ. ಅದೇ ವರ್ಷ ಸಾಂತಿಯಾಗೊದಲ್ಲಿ ತೆರೆದ ಸ್ಮರಣೆಯ ಸಂಗ್ರಹಾಲಯದಲ್ಲಿ ಅರ್ಪಿಯೆರಾಗಳಿಗೂ ಜಾಗವಾಗಿದೆ. 2023ರ ಆಗಸ್ಟ್‌ನಲ್ಲಿ ಸರ್ಕಾರ ರಾಷ್ಟ್ರೀಯ ಶೋಧ ಯೋಜನೆಯನ್ನು ಆರಂಭಿಸಿದಾಗ, ದೇಹ ದೊರೆಯದ 1,469 ಮಂದಿಯಲ್ಲಿ ಗುರುತು ಪತ್ತೆಯಾಗಿದ್ದುದು 307 ಮಂದಿಯದು ಮಾತ್ರ. ಹೊಲಿಗೆಯ ಮೇಜಿನ ಸುತ್ತ ಅಂದು ಕುಳಿತಿದ್ದ ತಾಯಂದಿರಲ್ಲಿ ಎಷ್ಟೋ ಮಂದಿ ಆ ಹೊತ್ತಿಗಾಗಲೇ ಮಣ್ಣು ಸೇರಿದ್ದರು.