ಮಕ್ಕಳ ಆಟ ಯಾರದು?



ಏಪ್ರಿಲ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳ ಬೇಸಿಗೆ ಶಿಬಿರಗಳ ಸಿದ್ಧತೆ ಆರಂಭವಾಗುತ್ತದೆ. ಯಾವ ಆಟ, ಎಷ್ಟು ದಿನ, ಊಟಕ್ಕೇನು, ಬಹುಮಾನಕ್ಕೇನು ಎಂಬುದನ್ನೆಲ್ಲ ಹಿರಿಯರಾದ ನಾವು ಕುಳಿತು ನಿರ್ಧರಿಸುತ್ತೇವೆ. ಇದೆಲ್ಲ ಯಾರಿಗಾಗಿ ನಡೆಯುತ್ತದೆಯೋ ಆ ಮಕ್ಕಳನ್ನು, ಅವರ ತಂದೆತಾಯಿಯರನ್ನು ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಒಳ್ಳೆಯದನ್ನು ಮಾಡಲು ಹೊರಟವನು ಕೇಳುವುದೇಕೆ ಎಂಬ ಭಾವನೆ ನಮ್ಮೊಳಗೆ ಬೇರೂರಿದೆ. ಇನ್ನೊಬ್ಬರ ಒಳಿತನ್ನು ಅವರ ಪರವಾಗಿ ನಿರ್ಧರಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು? ಈ ತಿಂಗಳು ಈ ಪ್ರಶ್ನೆಯನ್ನು ಕುರಿತು ನಿಮ್ಮೊಡನೆ ಚಿಂತಿಸಬಯಸುತ್ತೇನೆ.

ಮೊದಲು ದೂರದ ಕೆನಡಾ ದೇಶಕ್ಕೆ ಹೋಗೋಣ. ಅಲ್ಲಿನ ಮೂಲನಿವಾಸಿಗಳಲ್ಲಿ ಪ್ರಾಚೀನ ಕಾಲದಿಂದ ಒಂದು ಆಟವಿತ್ತು. ತುದಿಯಲ್ಲಿ ಬಲೆ ಹೆಣೆದ ಮರದ ಕೋಲಿನಿಂದ ಚೆಂಡನ್ನು ಹಿಡಿದು ಎಸೆಯುವ ಆ ಆಟವನ್ನು ಫ್ರೆಂಚರು ಲಕ್ರಾಸ್ ಎಂದು ಕರೆದರು. ಹೊಡೆನೊಶೋನಿ ಜನರಿಗೆ ಅದು ಇಂದಿಗೂ ಸೃಷ್ಟಿಕರ್ತನು ಕೊಟ್ಟ ಆಟ. ಸೃಷ್ಟಿಕರ್ತನ ಸಂತೋಷಕ್ಕಾಗಿಯೂ ರೋಗಿಗಳ ಗುಣಕ್ಕಾಗಿಯೂ ಅವರು ಅದನ್ನು ಆಡುತ್ತಾರೆ. ಯೇಸುಸಭೆಯ ಗುರು ಸಂತ ಜೀನ್ ದ ಬ್ರೆಬೂಫ್ 1630ರ ದಶಕದಲ್ಲಿ ಹ್ಯೂರಾನ್ ಜನರ ನಡುವೆ ವಾಸಿಸುತ್ತಾ ತಮ್ಮ ವರದಿಯಲ್ಲಿ ಈ ಆಟವನ್ನು ಉಲ್ಲೇಖಿಸಿದ್ದಾರೆ. ಕಾಯಿಲೆ ಬಿದ್ದವನಿಗಾಗಿ ಊರಿಗೆ ಊರೇ ಆಡುವುದು ಅವರಿಗೆ ಮೂಢನಂಬಿಕೆಯಾಗಿ ಕಂಡಿತು. ಅದೇ ಬ್ರೆಬೂಫ್ ಆ ಜನರ ಭಾಷೆಯನ್ನು ಶ್ರಮಪಟ್ಟು ಕಲಿತರು, ಅವರ ಗುಡಿಸಲುಗಳಲ್ಲಿ ಬಾಳಿದರು, 1649ರಲ್ಲಿ ರಕ್ತಸಾಕ್ಷಿಯಾದರು. 1930ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಅಪಾರವಾಗಿ ಪ್ರೀತಿಸುವವನಿಗೂ ತಾನು ಪ್ರೀತಿಸುವವರ ಎಲ್ಲವೂ ಅರ್ಥವಾಗುವುದಿಲ್ಲ ಎಂಬುದಕ್ಕೆ ಆ ಮಹಾತ್ಮರ ಬಾಳೇ ಸಾಕ್ಷಿ. ಸಂತರಿಗೇ ಹೀಗಾದರೆ ನಮ್ಮಂಥವರ ಪಾಡೇನು?

ಅನಂತರ ಬಂದ ಕಾಲ ಇನ್ನೂ ಕಠಿಣವಾದುದು. 1885ರಲ್ಲಿ ಕೆನಡಾ ಸರಕಾರ ಪಶ್ಚಿಮ ಕರಾವಳಿಯ ಮೂಲನಿವಾಸಿಗಳ ಪಾಟ್‌ಲ್ಯಾಚ್ ಎಂಬ ಸಾಂಪ್ರದಾಯಿಕ ಕೂಟವನ್ನು ಕಾನೂನಿನಿಂದ ನಿಷೇಧಿಸಿತು. ಆ ನಿಷೇಧ 1951ರವರೆಗೂ ಉಳಿಯಿತು. ಸುಮಾರು 1,50,000 ಮಕ್ಕಳು ಸರಕಾರದ ವಸತಿ ಶಾಲೆಗಳ ಪಾಲಾದರು. ಆ ಶಾಲೆಗಳಲ್ಲಿ ಬಹಳಷ್ಟನ್ನು ನಡೆಸಿದ್ದು ನಮ್ಮದೇ ಕಥೋಲಿಕ ಸಂಸ್ಥೆಗಳು. ಮಾತೃಭಾಷೆ ಆಡಿದರೆ ಅಲ್ಲಿ ಶಿಕ್ಷೆ. ಅಲ್ಲಿಯೂ ಆಟದ ಮೈದಾನವಿತ್ತು, ಹಾಕಿ ತಂಡಗಳಿದ್ದವು. ಅಲ್ಲಿ ಬೆಳೆದ ಹಲವರು ಆ ಕರಾಳ ದಿನಗಳಲ್ಲಿ ತಮಗೆ ಉಸಿರಾಡಲು ಸಿಕ್ಕಿದ್ದು ಆಟದ ಹೊತ್ತು ಮಾತ್ರ ಎಂದು ಮುಂದೆ ಹೇಳಿಕೊಂಡಿದ್ದಾರೆ. ಆದರೆ ಆಟವನ್ನು ಅಲ್ಲಿಟ್ಟವರ ಉದ್ದೇಶ ಬೇರೆಯಾಗಿತ್ತು: ಮಗುವಿನೊಳಗಿನ ಮೂಲನಿವಾಸಿಯನ್ನು ಅಳಿಸಿ ಬೇರೊಬ್ಬನನ್ನು ರೂಪಿಸುವುದು. 2022ರ ಜುಲೈಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ವೃದ್ಧಾಪ್ಯ ಮತ್ತು ಮೊಣಕಾಲ ನೋವಿನ ನಡುವೆಯೂ ಆ ನೆಲಕ್ಕೆ ಹೋಗಿ, ಮಸ್ಕ್ವಾಚೀಸ್ ಎಂಬಲ್ಲಿ ಆ ಜನರೆದುರು ಕ್ಷಮೆ ಕೋರಿದರು. ಆ ಕ್ಷಮೆಯಾಚನೆ ನಮಗೂ ಸೇರಿದ್ದು.

ಆ ನೆಲದಲ್ಲಿ ಈಗ ಬೇರೊಂದು ದಾರಿ ತೆರೆದಿದೆ. 1990ರಲ್ಲಿ ಎಡ್ಮಂಟನ್ ನಗರದಲ್ಲಿ ಉತ್ತರ ಅಮೆರಿಕದ ಮೂಲನಿವಾಸಿಗಳ ಕ್ರೀಡಾಕೂಟ ಮೊದಲ ಬಾರಿ ನಡೆಯಿತು; 2023ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ನಡೆದಾಗ ಅಲ್ಲಿ ಲಕ್ರಾಸ್, ದೋಣಿಸ್ಪರ್ಧೆ, ಬಿಲ್ಲುಗಾರಿಕೆ ಇದ್ದವು. ವಸತಿ ಶಾಲೆಗಳ ಅನ್ಯಾಯವನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ 94 ಶಿಫಾರಸುಗಳನ್ನು ನೀಡಿತು. ಅವುಗಳಲ್ಲಿ ಐದು ಕ್ರೀಡೆಗೆ ಸಂಬಂಧಿಸಿದವು. ಆಯಾ ಜನರ ಸಂಸ್ಕೃತಿಯನ್ನೂ ಪರಂಪರೆಯ ಆಟಗಳನ್ನೂ ಪ್ರತಿಬಿಂಬಿಸುವ ಕಾರ್ಯಕ್ರಮಗಳಿಗೆ ನೆರವು ದೊರೆಯಬೇಕೆಂಬುದು ಅವುಗಳಲ್ಲೊಂದು. ಅಂಥ ಕಾರ್ಯಕ್ರಮವನ್ನು ಸಂಘಟಿಸುವವನ ಕೆಲಸ ಮೈದಾನದಲ್ಲಿ ಆರಂಭವಾಗುವುದಿಲ್ಲ. ಮೊದಲು ಆತ ಊರ ಹಿರಿಯರ ಮನೆಬಾಗಿಲಿಗೆ ಹೋಗಬೇಕು. ಬೇಟೆಯ ಕಾಲ ಯಾವುದು, ಮೀನಿನ ಕಾಲ ಯಾವುದು ಎಂದು ತಿಳಿದು ದಿನ ಗೊತ್ತುಮಾಡಬೇಕು. ದೋಣಿ ನಡೆಸಲು ಕಲಿಸುವಾಗ ನದಿಯ ತಿರುವುಗಳ ಹಳೆಯ ಹೆಸರುಗಳನ್ನೂ ಹಿರಿಯರ ಬಾಯಿಂದ ಹೇಳಿಸಬೇಕು.

ಇದೆಲ್ಲ ಯಾವುದೋ ದೇಶದ ಮಾತೆಂದು ತಳ್ಳಿಹಾಕಬೇಡಿ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡುಗಳಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಇವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಇವರಲ್ಲಿ ಅನೇಕರು ನಮ್ಮ ಕಥೋಲಿಕ ವಿಶ್ವಾಸಿಗಳೇ. 1980ರ ದಶಕದ ಕೊನೆಯಲ್ಲಿ ಸರಕಾರದ ವಿಶೇಷ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾದ ಮೈಕಟ್ಟು ದೇಶಕ್ಕೆ ಪದಕ ತರುವುದೆಂಬ ನಿರೀಕ್ಷೆ ಅದರ ಹಿಂದಿತ್ತು. ಕೆಲವರು ರಾಷ್ಟ್ರಮಟ್ಟದಲ್ಲಿ ಹೆಸರು ಗಳಿಸಿದ್ದೂ ನಿಜ. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಅವಕಾಶ ಕೊಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಮಗುವಿನಲ್ಲಿ ಪದಕವನ್ನು ಮಾತ್ರ ಕಂಡರೆ, ಪದಕದ ಆಸೆ ಮುಗಿದ ದಿನ ಆ ಮಗು ನಮ್ಮ ಕಣ್ಣಿಗೆ ಕಾಣಿಸುವುದೇ ಇಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಗುರುದೀಕ್ಷೆಯಾದ ಹೊಸತರಲ್ಲಿ ಕಾಡಂಚಿನ ಒಂದು ಹಳ್ಳಿಯಲ್ಲಿ ಸಿದ್ದಿ ಮಕ್ಕಳಿಗಾಗಿ ಕ್ರಿಕೆಟ್ ಶಿಬಿರ ಏರ್ಪಡಿಸಿದ್ದೆ. ದಾನಿಗಳಿಂದ ಬ್ಯಾಟು, ಚೆಂಡು, ಟೋಪಿ ತರಿಸಿದ್ದೆ. ಮೊದಲ ದಿನ ನಲವತ್ತು ಮಕ್ಕಳು ಬಂದರು, ಮೂರನೆಯ ದಿನ ಹನ್ನೊಂದು. ಸಂಜೆಯ ಪ್ರಾರ್ಥನೆಯಲ್ಲಿ ಅಶಿಸ್ತಿನ ಬಗ್ಗೆ ಕಟುವಾಗಿಯೇ ಮಾತನಾಡಿದೆ. ಪ್ರಾರ್ಥನೆ ಮುಗಿದ ಮೇಲೆ ವೃದ್ಧ ತಾಯಿಯೊಬ್ಬರು ಹತ್ತಿರ ಬಂದು, “ಫಾದರ್, ಇದು ಜೇನಿನ ಕಾಲ. ಹುಡುಗರು ಅಪ್ಪಂದಿರ ಜೊತೆ ಕಾಡಿಗೆ ಹೋಗಿದ್ದಾರೆ” ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ, ನನ್ನ ಅಜ್ಞಾನದ ಬಗ್ಗೆ ಕನಿಕರವಿತ್ತು. ಮರುದಿನ ನಾನೂ ಅವರ ಹಿಂದೆ ಹೋದೆ. ನಾನು ಸೋಮಾರಿಗಳೆಂದುಕೊಂಡಿದ್ದ ಹುಡುಗರು ಎತ್ತರದ ಮರಗಳನ್ನು ಏರುತ್ತಿದ್ದರು. ಹಗ್ಗ ಹಿಡಿದು ಕೆಳಗೆ ನಿಂತ ತಂದೆಯ ಒಂದೊಂದು ಮಾತಿಗೂ ಕಿವಿಗೊಡುತ್ತಿದ್ದರು. ಅಂಥ ಶಿಸ್ತನ್ನು ನಾನು ಮೈದಾನದಲ್ಲಿ ಕಂಡಿರಲಿಲ್ಲ.

ಇಲ್ಲೊಂದು ಆಕ್ಷೇಪಣೆ ಏಳಬಹುದು. ಹಾಗಾದರೆ ಕಾಡಿನ ಮಕ್ಕಳು ಕಾಡಿನ ಆಟವನ್ನೇ ಆಡಿಕೊಂಡಿರಬೇಕೇ? ಕ್ರಿಕೆಟ್, ಫುಟ್‌ಬಾಲ್ ಅವರಿಗೆ ಬೇಡವೇ? ಖಂಡಿತ ಬೇಕು. ಆಟಕ್ಕೆ ಜಾತಿಯಿಲ್ಲ, ಗಡಿಯಿಲ್ಲ. ಸಿದ್ದಿ ಬಾಲಕಿಯೊಬ್ಬಳು ಫುಟ್‌ಬಾಲ್ ಆಡಬಯಸಿದರೆ ಅವಳನ್ನು ಡಮಾಮಿ ಕುಣಿತಕ್ಕೆ ಕಟ್ಟಿಹಾಕುವುದೂ ಅನ್ಯಾಯವೇ. ಹೊಸದನ್ನು ಕಲಿಸುವುದು ದೋಷವಲ್ಲ. ಹಳೆಯದರ ಬಗ್ಗೆ ನಾಚಿಕೆ ಹುಟ್ಟಿಸುವುದು ದೋಷ. ತನ್ನ ಅಜ್ಜಿಯ ಹಾಡು ಕೀಳೆಂದು ನಂಬಿದ ಮಗು ಎಷ್ಟು ಬಹುಮಾನ ಗೆದ್ದರೂ ಒಳಗೊಳಗೇ ಸೋತಿರುತ್ತದೆ.

ಜೆರಿಕೋ ಪಟ್ಟಣದ ಹೊರಗೆ ಕುಳಿತಿದ್ದ ಬಾರ್ತಿಮಾಯನನ್ನು ನೆನೆಯಿರಿ. ಅವನು ಕುರುಡನೆಂಬುದು ದಾರಿಹೋಕರಿಗೆಲ್ಲ ಕಾಣುತ್ತಿತ್ತು. ಪ್ರಭು ಯೇಸುವಿಗೆ ಕಾಣಲಿಲ್ಲವೇ? ಆದರೂ ತಾನು ಅವನಿಗೆ ಏನು ಮಾಡಬೇಕೆಂದು ಪ್ರಭು ಅವನನ್ನೇ ಕೇಳಿದರು. ಆ ಪ್ರಶ್ನೆಯಿಂದ ರಸ್ತೆಬದಿಯ ಭಿಕ್ಷುಕನೊಬ್ಬ ಮಾತನಾಡಬಲ್ಲ ಮನುಷ್ಯನಾಗಿ ಎದ್ದುನಿಂತ. ಕಣ್ಣು ಬಂದದ್ದು ಆಮೇಲೆ. ಎಲ್ಲವನ್ನೂ ಬಲ್ಲ ದೇವರೇ ಕೇಳಿ ಕೊಡುವಾಗ, ಏನೂ ಅರಿಯದ ನಾವು ಕೇಳದೆ ಕೊಡುವುದು ಹೇಗೆ?

ಈ ಬೇಸಿಗೆಯಲ್ಲಿ ನಿಮ್ಮ ಧರ್ಮಕೇಂದ್ರದಲ್ಲಿ ಮಕ್ಕಳ ಶಿಬಿರ ನಡೆಯುವುದಾದರೆ ಪಟ್ಟಿ ಬರೆಯುವ ಮೊದಲು ಒಂದು ಸಂಜೆಯನ್ನು ಕೇಳುವುದಕ್ಕಾಗಿ ಮೀಸಲಿಡಿ. ದೂರದ ಕೇರಿಯ ತಾಯಂದಿರನ್ನು ಕೇಳಿ, ಅಜ್ಜಂದಿರನ್ನು ಕೇಳಿ, ಮಕ್ಕಳನ್ನೂ ಕೇಳಿ. ಅವರ ಒಂದು ಆಟವನ್ನು ನೀವೂ ಕಲಿಯಿರಿ; ಸೋತು ನಗಿರಿ. ದೇವರು ತನ್ನ ಜನರ ನಡುವೆ ಮರಳಿ ನೆಲೆಸುವ ದಿನವನ್ನು ವರ್ಣಿಸುವಾಗ ಪ್ರವಾದಿ ಜೆಕರ್ಯ ಬೀದಿಗಳ ತುಂಬ ಆಡುತ್ತಿರುವ ಹುಡುಗ ಹುಡುಗಿಯರನ್ನು ಕಾಣುತ್ತಾನೆ. ಅದೇ ಬೀದಿಯಲ್ಲಿ ಕೋಲೂರಿ ಕುಳಿತ ಮುದುಕ ಮುದುಕಿಯರನ್ನೂ ಕಾಣುತ್ತಾನೆ. ಆ ಬೀದಿಯಲ್ಲಿ ಮಕ್ಕಳೂ ಹಿರಿಯರೂ ಒಟ್ಟಿಗೇ ಇದ್ದಾರೆ. ನಮ್ಮ ಶಿಬಿರಗಳಲ್ಲಿಯೂ ಆ ಹಿರಿಯರಿಗೆ ಒಂದು ಚಾಪೆ ಹಾಸೋಣ.