ಅಗ್ಗದ ವಸ್ತು ಮತ್ತು ವ್ರತದ ಬೇಲಿ

ಶ್ರೀ ವೀತರಾಗಾಯ ನಮಃ

ಹೊಲಕ್ಕೆ ಬೇಲಿ ಹಾಕಿದ ರೈತನು ಆನೆಯನ್ನು ಕಂಡು ಎಚ್ಚರಗೊಳ್ಳುತ್ತಾನೆ. ಇಲಿ ಮಾಡಿದ ಕಿಂಡಿಯನ್ನು ಮಾತ್ರ ಗಮನಿಸುವುದಿಲ್ಲ. ವ್ರತಗಳ ವಿಷಯದಲ್ಲಿಯೂ ಹೀಗೆಯೇ. ಪರಿಗ್ರಹ ಪರಿಮಾಣವನ್ನು ಸ್ವೀಕರಿಸಿದ ಶ್ರಾವಕನು ನಿವೇಶನವನ್ನೋ ಆಭರಣವನ್ನೋ ಕೊಳ್ಳುವಾಗ ಹತ್ತು ಬಾರಿ ಯೋಚಿಸುತ್ತಾನೆ. ಆದರೆ ಅಗ್ಗದ ಬೆಲೆಗೆ ಸಿಕ್ಕ ಸಣ್ಣ ವಸ್ತುವನ್ನು ಸಂಚಿಗೆ ಹಾಕಿಕೊಳ್ಳುವಾಗ ವ್ರತವು ಅವನ ನೆನಪಿಗೇ ಬರುವುದಿಲ್ಲ. ಬೆಲೆ ಕಡಿಮೆಯಾದರೆ ಪರಿಗ್ರಹವೂ ಕಡಿಮೆ ಎಂಬ ಭ್ರಾಂತಿ ಲೋಕದಲ್ಲಿ ಬಲವಾಗಿ ಬೇರೂರಿದೆ. ಆಚಾರ್ಯ ಉಮಾಸ್ವಾಮಿಗಳಾದರೋ ಪರಿಗ್ರಹವನ್ನು ಬೆಲೆಯಿಂದ ಅಳೆಯಲಿಲ್ಲ. ವಸ್ತುವಿನ ಮೇಲೆ ಜೀವಕ್ಕಿರುವ ಮೂರ್ಛೆಯಿಂದ ಅಳೆದರು. ಹತ್ತು ರೂಪಾಯಿಯ ವಸ್ತುವಿನ ಮೇಲೂ ಮೂರ್ಛೆ ಉಂಟಾಗಬಹುದು.

ಒಮ್ಮೆ ಅನುಭವಿಸಿ ಮುಗಿಯುವ ಅನ್ನ, ಪುಷ್ಪ, ಗಂಧಾದಿಗಳು ಭೋಗವೆನಿಸುತ್ತವೆ. ಮತ್ತೆ ಮತ್ತೆ ಅನುಭವಿಸುವ ವಸ್ತ್ರ, ಆಸನ, ವಾಹನಾದಿಗಳು ಉಪಭೋಗವೆನಿಸುತ್ತವೆ. ಇವೆರಡಕ್ಕೂ ಮಿತಿಯನ್ನು ಕಟ್ಟಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಮನೆಗಳಲ್ಲಿರುವ ಟೆಲಿವಿಷನ್ ಯಂತ್ರವು ಈ ಎರಡನೆಯ ವರ್ಗಕ್ಕೆ ಸೇರಿದುದೆಂಬುದರಲ್ಲಿ ಸಂದೇಹವಿಲ್ಲ.

ಬೆಂಗಳೂರಿನ ಜೈನ ಮನೆಗಳಿಗೆ 1981ನೆಯ ವರ್ಷವು ಎರಡು ಕಾರಣಗಳಿಂದ ನೆನಪಿನಲ್ಲಿರುವಂಥದು. ಆ ವರ್ಷದ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಪ್ರತಿಷ್ಠಾಪನೆಗೆ ಸಾವಿರ ವರ್ಷ ತುಂಬಿದ ಮಹಾಮಸ್ತಕಾಭಿಷೇಕವು ನೆರವೇರಿತು. ಅದೇ ವರ್ಷ ನಗರಕ್ಕೆ ದೂರದರ್ಶನವೂ ಬಂದಿತು. ಆಗ ಬೀದಿಗೆ ಒಂದೆರಡು ಯಂತ್ರಗಳು. 1987ರಲ್ಲಿ ಭಾನುವಾರದ ಬೆಳಿಗ್ಗೆ ರಾಮಾಯಣ ಧಾರಾವಾಹಿ ಪ್ರಾರಂಭವಾದಾಗ ಹಲಸೂರಿನ ವಠಾರಗಳಲ್ಲಿ ನೆರೆಹೊರೆಯವರೆಲ್ಲ ಒಂದೇ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತು ನೋಡುತ್ತಿದ್ದರು. ಕಾಲಕ್ರಮದಲ್ಲಿ ಮನೆಗೊಂದು ಯಂತ್ರವಾಯಿತು, ಅನಂತರ ಕೋಣೆಗೊಂದಾಯಿತು. ಈಗ ಅಡುಗೆಮನೆಗೊಂದು, ಕಾರಿಗೊಂದು ಬೇಕೆಂಬ ಬಯಕೆ ಹುಟ್ಟಿದೆ. ಬಯಕೆಗೆ ತೃಪ್ತಿಯೆಂಬ ತಳವಿಲ್ಲವೆಂಬುದಕ್ಕೆ ಬೇರೆ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ಇದನ್ನು ಮನದಟ್ಟು ಮಾಡಿಕೊಳ್ಳಲು ಒಂದು ದೃಷ್ಟಾಂತವನ್ನು ಪರಿಭಾವಿಸಬಹುದು.

ಇಂದಿರಾನಗರದಲ್ಲಿ ಒಂದು ಶ್ರಾವಕ ಕುಟುಂಬ. ಹಾಸನದ ಕಡೆಯಿಂದ ಬಂದು ನೆಲೆಸಿದವರು. ಮಗನ ಕಚೇರಿ ಕೃಷ್ಣರಾಜಪುರದ ಆಚೆ, ಸೊಸೆಯೂ ಉದ್ಯೋಗಸ್ಥೆ. ಬೆಳಿಗ್ಗೆ ಇಬ್ಬರೂ ಹೊರಟರೆ ಹಿಂದಿರುಗುವುದು ಕತ್ತಲಾದ ಮೇಲೆ. ಮನೆಯಲ್ಲಿ ಉಳಿಯುವವರು ಎಪ್ಪತ್ತು ದಾಟಿದ ತಾಯಿಯೊಬ್ಬರೇ. ಆಕೆ ಅಷ್ಟಮಿ ಚತುರ್ದಶಿಗಳಂದು ಉಪವಾಸ ಮಾಡುವವರು. ನೀರನ್ನು ಸೋಸದೆ ಬಳಸದವರು. ಅಕ್ಕಿ ಬೇಳೆಗಳನ್ನು ಮೊರದಲ್ಲಿ ಹರಡಿ, ಕಣ್ಣಿಟ್ಟು ಆರಿಸಿದ ಹೊರತು ಒಲೆಗೆ ಇಡದವರು. ಆ ವರ್ಷದ ಚಾತುರ್ಮಾಸ್ಯದ ಪ್ರಾರಂಭದಲ್ಲಿ ಆಕೆ, ದೀಪಾವಳಿಯವರೆಗೆ ಹೊಸ ಉಪಭೋಗ ವಸ್ತು ಯಾವುದನ್ನೂ ಸ್ವೀಕರಿಸುವುದಿಲ್ಲವೆಂದು ನಿಯಮವನ್ನು ತೆಗೆದುಕೊಂಡಿದ್ದರು.

ಒಂದು ದಿನ ಮಗನು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯ ಒಂದು ಗುಜರಿ ಅಂಗಡಿಯಲ್ಲಿ ಚಿಕ್ಕ ಟೆಲಿವಿಷನ್ ಒಂದನ್ನು ಕಂಡನು. ಹಿಡಿದು ಒಯ್ಯಲು ಹಿಡಿಕೆ, ಮೇಲೆ ಎಳೆದು ಉದ್ದ ಮಾಡುವ ಆಂಟೆನಾ ಕಡ್ಡಿ. ಮನೆಯ ವಿದ್ಯುತ್ತಿನಿಂದಲೂ ನಡೆಯುತ್ತದೆ, ಕಾರಿನ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದಲೂ ನಡೆಯುತ್ತದೆ ಎಂದು ಅಂಗಡಿಯವನು ಹೇಳಿದನು. ಬೆಲೆ ಒಂದು ಹೊತ್ತು ಹೋಟೆಲಿನಲ್ಲಿ ಮನೆಮಂದಿಯೆಲ್ಲ ಉಣ್ಣುವಷ್ಟೂ ಇರಲಿಲ್ಲ. ಒಂಟಿಯಾಗಿರುವ ತಾಯಿಗೆ ಜೊತೆಯಾಗುತ್ತದೆಂದು ಮಗನು ಕೊಂಡು ತಂದನು.

"ನನಗೆ ನಿಯಮವಿದೆಯಲ್ಲಪ್ಪಾ" ಎಂದರು ತಾಯಿ.

"ಇದು ನಿಮ್ಮದಲ್ಲಮ್ಮ, ಅಡುಗೆಮನೆಯದು. ಆಗಾಗ ಕಾರಿಗೂ ಒಯ್ಯುತ್ತೇನೆ" ಎಂದನು ಮಗ.

ಮಗನ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಅದರೊಳಗೆ ಒಂದು ಕಳ್ಳದಾರಿಯೂ ಇತ್ತು. ಎರಡು ಮನೆಗಳನ್ನು ಮಿತಿಯಾಗಿ ಇಟ್ಟುಕೊಂಡವನು ಮೂರನೆಯದನ್ನು ಕೊಂಡು, ನಡುವಿನ ಗೋಡೆಯನ್ನು ಕೆಡವಿ, ಈಗಲೂ ಎರಡೇ ಎಂದು ಎಣಿಸಿದರೆ ಸಂಖ್ಯೆ ಉಳಿಯುತ್ತದೆ, ವ್ರತ ಉಳಿಯುವುದಿಲ್ಲ. ಹೆಸರನ್ನು ಬದಲಿಸಿ ವಸ್ತುವನ್ನು ಒಳಗೆ ತರುವುದು ಇಂತಹ ಅತಿಚಾರವೇ.

ಯಂತ್ರಕ್ಕೆ ವಿದ್ಯುತ್ತನ್ನು ಕೊಟ್ಟಾಗ ಪರದೆಯ ಮೇಲೆ ಬಿಳಿಯ ಚುಕ್ಕೆಗಳು ಮಳೆಯಂತೆ ಸುರಿದವೇ ಹೊರತು ಚಿತ್ರ ಮೂಡಲಿಲ್ಲ. ಹಳೆಯ ಕಾಲದ ಆ ಯಂತ್ರವು ಅನಲಾಗ್ ಪ್ರಸಾರವನ್ನು ಹಿಡಿಯುವಂಥದು. ದೂರದರ್ಶನವು ಆ ಬಗೆಯ ಭೂಪ್ರಸಾರವನ್ನು, ಕೆಲವೇ ಆಯಕಟ್ಟಿನ ಸ್ಥಳಗಳನ್ನು ಬಿಟ್ಟು, 2022ರ ಮಾರ್ಚ್ ವೇಳೆಗೆ ದೇಶಾದ್ಯಂತ ನಿಲ್ಲಿಸಿದೆ. ಆದ್ದರಿಂದ ಕಡ್ಡಿಯನ್ನು ಎಷ್ಟು ಎಳೆದರೂ ಎತ್ತ ತಿರುಗಿಸಿದರೂ ಪ್ರಯೋಜನವಿರಲಿಲ್ಲ. ಮಗನು ಒಂದು ಸೆಟ್‌ಟಾಪ್ ಪೆಟ್ಟಿಗೆಯನ್ನು ತಂದನು. ಅದಕ್ಕೆ ಛಾವಣಿಯ ಮೇಲೊಂದು ತಟ್ಟೆ, ತಟ್ಟೆಯಿಂದ ತಂತಿ, ಪೆಟ್ಟಿಗೆಯನ್ನಿಡಲು ಒಂದು ಹಲಗೆ. ಎಲ್ಲ ಸೇರಿ ಯಂತ್ರದ ಬೆಲೆಯ ಮೂರರಷ್ಟಾಯಿತು. ಒಂದು ಪರಿಗ್ರಹವು ಒಂಟಿಯಾಗಿ ಬರುವುದಿಲ್ಲ, ಬಳಗವನ್ನೇ ಕರೆತರುತ್ತದೆ. ವಿಚಾರಿಸದೆ ಕಾರ್ಯದಲ್ಲಿ ತೊಡಗುವ ಅಸಮೀಕ್ಷ್ಯಾಧಿಕರಣವನ್ನೂ, ಅಗತ್ಯಕ್ಕೆ ಮೀರಿ ಉಪಭೋಗಗಳನ್ನು ಕೂಡಿಹಾಕುವುದನ್ನೂ ಆಚಾರ್ಯರು ಅನರ್ಥದಂಡ ವಿರತಿಯ ಐದು ಅತಿಚಾರಗಳಲ್ಲಿ ಎಣಿಸಿರುವರು. ಅಗ್ಗವೆಂದು ತಂದ ಒಂದೇ ವಸ್ತುವಿನಲ್ಲಿ ಇವೆರಡೂ ಕೂಡಿದ್ದುವು.

ಇನ್ನು ಮುಂದೆ ನಡೆದುದೇ ವಿಚಾರ ಮಾಡತಕ್ಕ ವಿಷಯ. ಭಾದ್ರಪದ ಶುಕ್ಲ ಪಂಚಮಿಯಿಂದ ದಶಲಕ್ಷಣ ಪರ್ವ ಪ್ರಾರಂಭವಾಯಿತು. ತಾಯಿ ಏಕಭುಕ್ತದಲ್ಲಿದ್ದರು. ಒಂದು ಬೆಳಿಗ್ಗೆ ಮೊರದಲ್ಲಿ ಹೆಸರುಬೇಳೆಯನ್ನು ಹರಡಿಕೊಂಡು ಕುಳಿತಿದ್ದರು; ಎದುರಿಗೆ ಚಿಕ್ಕ ಪರದೆಯಲ್ಲಿ ಯಾವುದೋ ಧಾರಾವಾಹಿ. ಕೈ ಬೇಳೆಯನ್ನು ಆರಿಸುತ್ತಿತ್ತು, ಕಣ್ಣು ಪರದೆಯಲ್ಲಿತ್ತು. ಬೆಂದ ಬೇಳೆಯನ್ನು ಬಟ್ಟಲಿಗೆ ಬಗ್ಗಿಸುವಾಗ ಎರಡು ನುಸಿಗಳು ಮೇಲೆ ತೇಲಿದವು. ಐವತ್ತು ವರ್ಷ ಆ ಕೈಗಳಿಂದ ಇಂತಹ ಪ್ರಮಾದ ನಡೆದಿರಲಿಲ್ಲ. ಆಕೆ ಬಟ್ಟಲನ್ನು ಕೆಳಗಿಟ್ಟು, ಆ ದಿನ ಊಟವನ್ನು ಬಿಟ್ಟು, ಸಂಜೆಯವರೆಗೆ ಮೌನವಾಗಿ ಕುಳಿತಿದ್ದರು.

ಇಲ್ಲಿ ದೋಷ ಯಾರದು? ಯಂತ್ರವು ಜಡ, ಅದಕ್ಕೆ ಪಾಪವೂ ಇಲ್ಲ ಪುಣ್ಯವೂ ಇಲ್ಲ. ಪ್ರಮಾದಯುಕ್ತವಾದ ಯೋಗದಿಂದ ಪ್ರಾಣಗಳಿಗೆ ಒದಗುವ ಘಾತವೇ ಹಿಂಸೆಯೆಂಬುದು ಜಿನಶಾಸನದ ನಿರೂಪಣೆ. ಎಚ್ಚರದಿಂದ ನಡೆಯುವವನಿಂದ ಅರಿಯದೆ ಜೀವವೊಂದು ನೊಂದರೂ ಬಂಧದ ತೀವ್ರತೆ ಬೇರೆ. ಎಚ್ಚರವಿಲ್ಲದವನಿಂದ ಯಾವ ಜೀವವೂ ಸಾಯದಿದ್ದರೂ ಅವನ ಭಾವದಲ್ಲಿ ಹಿಂಸೆ ನಡೆದೇ ಇರುತ್ತದೆ. ಜೈನರ ಅಡುಗೆಮನೆ ಕೇವಲ ಪಾಕಶಾಲೆಯಲ್ಲ. ಅಹಿಂಸಾಣುವ್ರತವು ದಿನಕ್ಕೆರಡು ಬಾರಿ ಪರೀಕ್ಷೆಗೆ ಒಳಗಾಗುವ ಸ್ಥಳ. ಅಲ್ಲಿ ಸೋಸುವ ಬಟ್ಟೆಗಿಂತಲೂ ಮೊರಕ್ಕಿಂತಲೂ ಮುಖ್ಯವಾದ ಉಪಕರಣ ಕಣ್ಣು. ಆ ಕಣ್ಣನ್ನು ಕದಿಯುವ ವಸ್ತು ಎಷ್ಟು ಅಗ್ಗವಾದರೂ ದುಬಾರಿಯೇ.

ಊಟದ ವಿಷಯವನ್ನೂ ನೋಡಬಹುದು. ಮಾಂಸ ರಕ್ತಾದಿಗಳನ್ನು ಕಂಡಾಗ, ಕೊಲ್ಲು ಕಡಿ ಎಂಬ ಮಾತುಗಳನ್ನೂ ಆಕ್ರಂದನವನ್ನೂ ಕೇಳಿದಾಗ ಭೋಜನಕ್ಕೆ ಅಂತರಾಯವೆಂದು ತಿಳಿದು ವ್ರತಿಕ ಶ್ರಾವಕನು ಕೈತೊಳೆಯುತ್ತಾನೆ. ಭೋಜನಕಾಲದಲ್ಲಿ ಮೌನವನ್ನು ವಿಧಿಸಿರುವುದೂ ಮನಸ್ಸು ಶುದ್ಧಿಯಲ್ಲಿ ನಿಲ್ಲಲೆಂದೇ. ಅಡುಗೆಮನೆಯ ಪರದೆಯಲ್ಲಿ ಒಂದು ಗಳಿಗೆ ಅಪಘಾತದ ರಕ್ತ, ಮರುಗಳಿಗೆ ಮಾಂಸದ ಅಡುಗೆಯ ಜಾಹೀರಾತು, ಅನಂತರ ಅಳು, ಜಗಳ. ನೋಡುತ್ತಲೇ ಉಣ್ಣುವವನಿಗೆ ಅಂತರಾಯ ಬಂದುದೇ ಗೊತ್ತಾಗುವುದಿಲ್ಲ. ಗೊತ್ತಾಗದಷ್ಟು ಮನಸ್ಸು ಮರಗಟ್ಟುವುದು ಅಂತರಾಯಕ್ಕಿಂತಲೂ ದೊಡ್ಡ ಹಾನಿ.

ಕಾರಿನಲ್ಲಿಡುವ ಯಂತ್ರದ ಅಪಾಯವು ಇನ್ನೂ ಸ್ಪಷ್ಟ. ಹಳೆಯ ಮದರಾಸು ರಸ್ತೆಯಲ್ಲಿ ಹಲಸೂರಿನಿಂದ ಕೃಷ್ಣರಾಜಪುರದ ತೂಗುಸೇತುವೆಯವರೆಗೆ ವಾಹನಗಳು ಇಂಚಿಂಚಾಗಿ ಸಾಗುವಾಗ ಬೇಸರ ಬರುವುದು ಸಹಜ. ಆ ಬೇಸರದಲ್ಲಿ ಕಣ್ಣು ಪರದೆಯತ್ತ ಹೊರಳಿದ ಕ್ಷಣವೇ ನಾಯಿಮರಿಯೊಂದು, ಶಾಲೆಯ ಮಗುವೊಂದು ಅಡ್ಡ ಬರಬಹುದು. ವಾಹನ ನಡೆಸುವವನು ಚಲಿಸುವ ಚಿತ್ರಗಳನ್ನು ನೋಡಬಾರದೆಂದು 2017ರ ಮೋಟಾರು ವಾಹನ ಚಾಲನಾ ನಿಯಮಗಳು ವಿಧಿಸಿವೆ. ಮುನಿಗಳು ನಾಲ್ಕು ಮೊಳ ದೂರದ ನೆಲವನ್ನು ನೋಡುತ್ತ ಈರ್ಯಾಸಮಿತಿಯಿಂದ ನಡೆಯುವರು. ಗೃಹಸ್ಥನಿಗೆ ಅಷ್ಟು ಸಾಧ್ಯವಾಗದಿದ್ದರೂ, ಲೋಹದ ರಥವನ್ನು ನಡೆಸುವಾಗ ರಸ್ತೆಯನ್ನಾದರೂ ನೋಡುವುದು ಅವನ ಪಾಲಿನ ಈರ್ಯಾಸಮಿತಿ.

ತಾಯಿ ಮರುದಿನ, ನಗರದಲ್ಲಿ ಚಾತುರ್ಮಾಸ್ಯಕ್ಕೆ ನೆಲೆಸಿದ್ದ ಆರ್ಯಿಕಾ ಮಾತಾಜಿಯವರ ಸನ್ನಿಧಿಗೆ ಹೋಗಿ ದೋಷವನ್ನು ನಿವೇದಿಸಿದರು. ಮಗನೂ ಜೊತೆಗಿದ್ದನು. ಮಾತಾಜಿಯವರು ಎಲ್ಲವನ್ನೂ ಕೇಳಿ, "ನಿಯಮವು ನೆನಪಿನಲ್ಲಿತ್ತಲ್ಲವೇ? ಆದರೂ ನೀವು ಅದನ್ನೇಕೆ ಒಪ್ಪಿಕೊಂಡಿರಿ?" ಎಂದು ಪ್ರಶ್ನಿಸಿದರು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಮಾತಾಜಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಮನೆಯಲ್ಲಿ ಮನುಷ್ಯರ ಧ್ವನಿ ಇರುವುದಿಲ್ಲ. ಆ ಪೆಟ್ಟಿಗೆಯಲ್ಲಿ ಯಾರೋ ಮಾತನಾಡುತ್ತಾರೆ. ಅದಕ್ಕೆ ಬೇಡವೆನ್ನಲಾಗಲಿಲ್ಲ."

ಮಗನು ತಲೆ ತಗ್ಗಿಸಿದನು. ತನ್ನ ಪುತ್ರಧರ್ಮದ ಪಾಲನ್ನು ಗುಜರಿ ಬೀದಿಯಲ್ಲಿ ಅಗ್ಗದ ಬೆಲೆಗೆ ಕೊಂಡು ತಂದು ಒಪ್ಪಿಸಿದ್ದೆನೆಂಬುದು ಅವನಿಗೆ ಆಗ ಅರ್ಥವಾಯಿತು. ಮಾತಾಜಿಯವರು ತಾಯಿಗೆ ಒಂದು ಉಪವಾಸವನ್ನೂ ಜಪವನ್ನೂ ಪ್ರಾಯಶ್ಚಿತ್ತವಾಗಿ ಕೊಟ್ಟರು. ಮಗನಿಗೆ ಉಪವಾಸವನ್ನು ಕೊಡಲಿಲ್ಲ. "ದಿನವೂ ಬೆಳಿಗ್ಗೆ ಅರ್ಧ ಗಂಟೆ ತಾಯಿಯ ಪಕ್ಕದಲ್ಲಿ ಕುಳಿತು ಧಾನ್ಯವನ್ನು ಆರಿಸು. ರಾತ್ರಿ ಮನೆಗೆ ಬಂದ ಮೇಲೆ ಒಂದು ಪುಟವಾದರೂ ಶಾಸ್ತ್ರವನ್ನು ಆಕೆಗೆ ಓದಿ ಹೇಳು. ದೀಪಾವಳಿಯವರೆಗೆ ಇದೇ ನಿನ್ನ ನಿಯಮ" ಎಂದರು. ದೀಪಾವಳಿ ಕಳೆದ ಮೇಲೂ ಆ ನಿಯಮವು ಆ ಮನೆಯಲ್ಲಿ ನಿಲ್ಲಲಿಲ್ಲ. ಸೊಸೆಯೂ ತನ್ನ ಬಿಡುವಿನ ದಿನಗಳಲ್ಲಿ ಮೊರದ ಇನ್ನೊಂದು ಬದಿಗೆ ಕುಳಿತಳು.

ಯಂತ್ರವನ್ನು ಹೊರಗೆ ಕಳುಹಿಸುವುದರಲ್ಲಿಯೂ ವಿವೇಕ ಬೇಕಾಯಿತು. ಹಳೆಯ ಟೆಲಿವಿಷನ್ನಿನ ಗಾಜಿನ ಕೊಳವೆಯಲ್ಲಿ ಸೀಸವಿರುತ್ತದೆ. ಅದನ್ನು ಕಂಡಲ್ಲಿ ಒಡೆದು, ತಾಮ್ರಕ್ಕಾಗಿ ತಂತಿಗಳನ್ನು ಸುಟ್ಟರೆ ಭೂಕಾಯ, ಜಲಕಾಯ, ವಾಯುಕಾಯ ಜೀವಗಳಿಗೂ, ಆ ಕೆಲಸ ಮಾಡುವ ಬಡವರಿಗೂ ಕೇಡು. ಇಂತಹ ತ್ಯಾಜ್ಯವನ್ನು ನೋಂದಾಯಿತ ಸಂಸ್ಕರಣಾ ಘಟಕಗಳಿಗೆ ತಲಪಿಸಬೇಕೆಂದು 2023ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ವಿಧಿಸುತ್ತವೆ. ಮಗನು ಹಾಗೆಯೇ ಮಾಡಿದನು. ಒಳಗೆ ತರುವಾಗ ತೋರದಿದ್ದ ವಿವೇಕ ಹೊರಗೆ ಕಳುಹಿಸುವಾಗಲಾದರೂ ತೋರಿತು.

ಇದರಿಂದ ಶ್ರಾವಕನು ಟೆಲಿವಿಷನ್ನನ್ನು ಮುಟ್ಟಲೇಬಾರದೆಂದು ಅರ್ಥವಲ್ಲ. ಅಣುವ್ರತಿಯು ಮಹಾವ್ರತಿಯಲ್ಲ. 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕವನ್ನು, ವಿಂಧ್ಯಗಿರಿಯನ್ನು ಏರಲಾರದ ಎಷ್ಟೋ ವೃದ್ಧರು ಮನೆಯಲ್ಲಿಯೇ ಕುಳಿತು ನೋಡಿ ಕಣ್ಣೀರಿಟ್ಟರು. ನಡುಮನೆಯಲ್ಲಿ ಒಂದು ಯಂತ್ರ, ಅದಕ್ಕೊಂದು ಹೊತ್ತು, ಆ ಹೊತ್ತಿಗೊಂದು ಮಿತಿ ಇದ್ದರೆ ಗೃಹಸ್ಥನಿಗೆ ಅದು ಪರಿಮಿತ ಉಪಭೋಗವೇ. ಆದರೆ ಅಗ್ಗದ ವಸ್ತು ಎದುರಿಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇದು ಇಲ್ಲದೆ ಇದುವರೆಗೆ ಯಾವ ಕಾರ್ಯ ನಿಂತಿತ್ತು? ಇದರ ಹಿಂದೆ ಇನ್ನೆಷ್ಟು ವಸ್ತುಗಳು ಬರುವವು? ಇದು ಕಣ್ಣನ್ನೂ ಮನಸ್ಸನ್ನೂ ಯಾವ ಕರ್ತವ್ಯದಿಂದ ಕದಿಯುತ್ತದೆ? ಇದು ಯಾವ ಮನುಷ್ಯರ ಸ್ಥಾನವನ್ನು ತುಂಬಲು ಬರುತ್ತಿದೆ? ನಾಲ್ಕಕ್ಕೂ ಸಮಾಧಾನದ ಉತ್ತರ ದೊರೆತರೆ ಕೊಳ್ಳಬಹುದು. ದೊರೆಯದಿದ್ದರೆ ಬಿಡುವುದೇ ಲಾಭ.

ಆಚಾರ್ಯ ಸಮಂತಭದ್ರರು ಈ ವ್ರತಕ್ಕೆ ಎರಡು ಬಗೆಗಳನ್ನು ತೋರಿರುವರು. ಕಾಲದ ಮಿತಿಯಿಂದ ಬಿಡುವುದು ನಿಯಮ, ಜೀವಾವಧಿಗೆ ಬಿಡುವುದು ಯಮ. ಯಮಕ್ಕೆ ಶಕ್ತಿ ಸಾಲದವರು ನಿಯಮದಿಂದ ಪ್ರಾರಂಭಿಸಬಹುದು: ಅಡುಗೆಯ ಹೊತ್ತಿಗೆ, ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ಮಾಸಕ್ಕೆ. ಉಪವಾಸದ ದಿನ ಹೊಟ್ಟೆಗೆ ಅನ್ನವನ್ನು ನಿಲ್ಲಿಸಿ ಕಣ್ಣಿಗೆ ಔತಣವನ್ನು ಬಡಿಸಿದರೆ ಅದು ಅರ್ಧ ಉಪವಾಸ. ಅನಾದರವೂ ವಿಸ್ಮೃತಿಯೂ ಪ್ರೋಷಧೋಪವಾಸದ ಅತಿಚಾರಗಳೆಂಬುದನ್ನು ಮರೆಯಬಾರದು. ಮುಂಬರುವ ಅಷ್ಟಮಿಯಂದು ಪ್ರತಿಯೊಂದು ಶ್ರಾವಕ ಗೃಹದ ಅಡುಗೆಮನೆಯಲ್ಲಿಯೂ ಪರದೆ ಆರಿರಲಿ, ಮೊರದ ಸುತ್ತ ಮನೆಯವರು ಕೂಡಿರಲಿ, ಕಣ್ಣು ಕಾಳಿನ ಮೇಲಿರಲಿ. ಆ ದಿನ ಉಳಿಯುವ ಅಲ್ಪ ಜೀವಗಳೊಂದಿಗೆ ಮನೆಯ ಹಿರಿಯ ಜೀವವೂ ನೆಮ್ಮದಿಯಿಂದ ಬಾಳುವುದು.

ಸರ್ವಜೀವಗಳಿಗೂ ಮಂಗಳವಾಗಲಿ.