ನಡುವೆ ನಿಂತವನ ಋಣ

ಕಳೆದ ದೀಪಾವಳಿಗೆ ಕರಜಗಿಗೆ ಹೋದಾಗ ನನ್ನ ತಂಗಿಯ ಮಗಳು ಒಂದು ಕಾಗದ ತಂದು ಕೈಗಿತ್ತಳು. ವಿಶ್ವವಿದ್ಯಾಲಯವೊಂದರ ಉದ್ಯಮ ಸಂಪರ್ಕ ವಿಭಾಗದಲ್ಲಿ ಸಹಾಯಕ ಅಧಿಕಾರಿಯ ಹುದ್ದೆಗೆ ಸಂದರ್ಶನದ ಕರೆ. ಹುಡುಗಿ ಎಂ.ಎಸ್ಸಿ. ಮುಗಿಸಿದ್ದಾಳೆ; ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಬಲ್ಲಳು. ನಾನೂ ಇಪ್ಪತ್ತಾರು ವರ್ಷ ಅಂಥದೇ ಕೆಲಸ ಮಾಡಿ ನಿವೃತ್ತನಾದವನು. ಸಂಬಳ, ಬಡ್ತಿ, ಓಡಾಟ ಎಲ್ಲವನ್ನೂ ಹೇಳಿದೆ. ಕೇಳಿ ಮುಗಿದ ಮೇಲೆ ಅವಳು, "ಮಾಮಾ, ಅದೆಲ್ಲಾ ಖರೆ. ಇದು ಚಲೋ ಕೆಲಸ ಏನು?" ಎಂದಳು. ಲಾಭದ ಕೆಲಸವೇ ಎಂದು ಅವಳು ಕೇಳಲಿಲ್ಲ, ಒಳ್ಳೆಯ ಕೆಲಸವೇ ಎಂದು ಕೇಳಿದಳು. ಆ ದಿನ ನಾನು ಕೊಟ್ಟ ಉತ್ತರ ಅರ್ಧವಾಗಿತ್ತು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಸರಗೋಡಿನ ಓದುಗರಿಗೆ ಕರಜಗಿ ಅಪರಿಚಿತ ಊರಾಗಿರಬಹುದು. ಅದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನ ಹಳ್ಳಿ. ನಮ್ಮಲ್ಲಿ ಅಡುಗೆಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನಿಮ್ಮಲ್ಲಿ ಕಚೇರಿಯ ಮಾತು ಮಲಯಾಳ ಎಂಬುದಷ್ಟೇ ವ್ಯತ್ಯಾಸ. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡನ್ನೂ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಒಂದೇ ವರದಿಯಲ್ಲಿ ಬರೆಯಿತು. ಆ ಶಿಫಾರಸು ಕಾಗದದಲ್ಲೇ ಉಳಿಯಿತು. ನಾವು ನೀವು ಇದ್ದಲ್ಲೇ ಉಳಿದೆವು. ಆ ಜಗಳವನ್ನು ಇಲ್ಲಿ ಎತ್ತುವುದು ನನ್ನ ಉದ್ದೇಶವಲ್ಲ. ಹೀಗೆ ಉಳಿದ ಊರುಗಳ ಮಕ್ಕಳು ಹುಟ್ಟಿನಿಂದಲೇ ದುಭಾಷಿಗಳಾಗುತ್ತಾರೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಎಂಟು ವರ್ಷದ ಹುಡುಗನಾಗಿದ್ದಾಗ ನಾನು ಅಪ್ಪನ ಜೊತೆ ತಲಾಠಿಯ ಚಾವಡಿಗೆ ಹೋಗಿ, ಅಪ್ಪನ ಕನ್ನಡವನ್ನು ಮರಾಠಿ ಮಾಡಿ ಹೇಳುತ್ತಿದ್ದೆ. ನನ್ನ ಉದ್ಯೋಗದ ಮೊದಲ ತರಬೇತಿ ಅಲ್ಲೇ ಆಯಿತೆನ್ನಬೇಕು.

ಉದ್ಯಮ ಸಂಪರ್ಕ ಅಧಿಕಾರಿ ಮಾಡುವ ಕೆಲಸವಾದರೂ ಏನು? ಪ್ರಾಧ್ಯಾಪಕನ ಬಳಿ ಒಂದು ವಿದ್ಯೆಯಿದೆ, ಕಾರ್ಖಾನೆಯವನಿಗೆ ಒಂದು ಅಡಚಣೆಯಿದೆ; ಒಬ್ಬನ ಭಾಷೆ ಇನ್ನೊಬ್ಬನಿಗೆ ತಿಳಿಯದು. ನಡುವೆ ನಿಂತು ಇಬ್ಬರಿಗೂ ತಿಳಿಯುವಂತೆ ಹೇಳಿ ಒಪ್ಪಂದ ಮಾಡಿಸುವವನು ಈತ. ತಂತ್ರಜ್ಞಾನದ ಪರವಾನಗಿ, ಪೇಟೆಂಟಿನ ಪಾಲು, ವಿದ್ಯಾರ್ಥಿಗಳ ತರಬೇತಿ, ಹೊಸ ಉದ್ಯಮಗಳ ಪೋಷಣೆ, ಸುತ್ತಲಿನ ಪ್ರದೇಶದ ಆರ್ಥಿಕ ಬೆಳವಣಿಗೆ ಇವೆಲ್ಲ ಅವನ ಕಡತಗಳ ಹೆಸರು. ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ತೆಂಗಿನ ಹೊಂಬಾಳೆಯ ತಾಜಾ ರಸವನ್ನು 'ಕಲ್ಪರಸ'ವೆಂದು ಕರೆದು, ಅದನ್ನು ಇಳಿಸುವ ವಿಧಾನವನ್ನು ಹೊರಗಿನವರಿಗೆ ಕಲಿಸಿಕೊಟ್ಟಿತಲ್ಲ, ಅಂಥ ವ್ಯವಹಾರದ ಹಿಂದೆಯೂ ಇಂಥ ನಡುವಿನವರು ಇರುತ್ತಾರೆ. ಮಹಾರಾಷ್ಟ್ರದ 2016ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆಯಂತೂ ನವೀನತೆ, ಉದ್ಯಮ ಪೋಷಣೆ ಮತ್ತು ಸಂಪರ್ಕಗಳಿಗೆಂದೇ ಒಬ್ಬ ನಿರ್ದೇಶಕನ ಹುದ್ದೆಯನ್ನು ಹೆಸರಿಸಿದೆ. ಹಾಗಾಗಿ ಇದು ನಮ್ಮ ಮಕ್ಕಳ ಮುಂದೆ ತೆರೆದಿರುವ ದಾರಿಯೇ ಸರಿ.

ವಿದ್ಯೆಗೂ ಹೊಲಕ್ಕೂ ಹಿಂದೆ ಸಂಬಂಧವೇ ಇರಲಿಲ್ಲವೆಂದಲ್ಲ. ನಮ್ಮ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಕೃಷಿ ವಿಜ್ಞಾನಿಗಳು ರೈತರ ಹೊಲದ ಮಾಲದಂಡಿ ಜೋಳದಿಂದ ಆಯ್ದು ಒಂದು ತಳಿಯನ್ನು ಸಿದ್ಧಪಡಿಸಿದರು. ಅದೇ ಎಂ 35-1. ಇಂದಿಗೂ ಹಿಂಗಾರಿ ಜೋಳ ಬೆಳೆಯುವ ಸೀಮೆಯಲ್ಲಿ ಅದನ್ನು ಬಿತ್ತುವವರಿದ್ದಾರೆ. ಬೀಜ ಹೊಲದಿಂದ ಹೋಯಿತು, ಉತ್ತಮಗೊಂಡು ಹೊಲಕ್ಕೇ ಬಂತು. ಯಾರೂ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ರೈತ ಅದನ್ನು ಮನೆಯ ಹಗೇವಿನಲ್ಲಿ ಇಟ್ಟು ಮರುವರ್ಷ ಬಿತ್ತಿದರೆ ಕೇಳುವವರಿಲ್ಲ.

ಆಮೇಲೆ ಕಾಲ ಬದಲಾಯಿತು. ಅಮೇರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆಯು ಸರಕಾರದ ಹಣದಿಂದ ನಡೆದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಂಡು ಉದ್ಯಮಗಳಿಗೆ ಪರವಾನಗಿ ಕೊಡಬಹುದೆಂದಿತು. ಅದೇ ಮಾದರಿಯ ಮಸೂದೆ 2008ರಲ್ಲಿ ನಮ್ಮ ರಾಜ್ಯಸಭೆಗೂ ಬಂತು. ಕಾಯ್ದೆಯಾಗದೆ 2014ರಲ್ಲಿ ಹಿಂದಕ್ಕೆ ಹೋಯಿತು. ಮಸೂದೆ ಹೋದರೂ ಅದರ ಹಿಂದಿನ ಆಲೋಚನೆ ಹೋಗಲಿಲ್ಲ. ವಿದ್ಯೆಗೆ ಒಡೆಯನಿರಬೇಕು, ಒಡೆಯನಿಗೆ ಆದಾಯ ಬರಬೇಕು ಎಂಬ ಮಾತು ನಮ್ಮ ಸಭೆಗಳಲ್ಲಿ ಸಾಮಾನ್ಯವಾಯಿತು. ಇದನ್ನು ನಾನು ಪೂರ್ತಿ ತಪ್ಪೆನ್ನಲಾರೆ. ಆದಾಯವಿಲ್ಲದ ಪ್ರಯೋಗಶಾಲೆ ಧೂಳು ತಿನ್ನುವುದನ್ನೂ ಕಂಡಿದ್ದೇನೆ.

ಈಗ ನನ್ನ ಸ್ವಂತ ಮಾತಿಗೆ ಬರುತ್ತೇನೆ. 2009ರ ಮಾರ್ಚ್ ತಿಂಗಳು, ಹಿಂಗಾರಿ ಸುಗ್ಗಿ ಮುಗಿದಿತ್ತು. ನಾನು ದುಡಿಯುತ್ತಿದ್ದುದು ದೂರದೂರಿನ ಒಂದು ವಿದ್ಯಾಸಂಸ್ಥೆಯಲ್ಲಿ. ತಿನಿಸು ತಯಾರಿಸುವ ಒಂದು ಕಂಪನಿಗೆ ಜೋಳದ ಖಡಕ್ ರೊಟ್ಟಿಯನ್ನು ಚೀಲದಲ್ಲಿ ಮಾರುವ ಮನಸ್ಸಾಯಿತು. ನಮ್ಮ ಕಡೆಯ ಹೆಂಗಸರು ರೊಟ್ಟಿಯನ್ನು ಪತ್ರದಂತೆ ತೆಳ್ಳಗೆ ಬಡಿದು, ಒಲೆಯ ಮಗ್ಗುಲಿಗೆ ಒರಗಿಸಿ ಒಣಗಿಸಿ, ತಿಂಗಳುಗಟ್ಟಲೆ ಇಡುತ್ತಾರೆ. ಆ ವಿದ್ಯೆಯನ್ನು ಅಭ್ಯಾಸ ಮಾಡಿ ಬರೆದುಕೊಡುವುದು ಸಂಸ್ಥೆಯ ಕೆಲಸ. ಕನ್ನಡ ಬಲ್ಲವನೆಂದು ನನ್ನನ್ನೇ ಮುಂದೆ ಬಿಟ್ಟರು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಮೂರು ದಿನ ಕುಳಿತೆವು. ಹಿಟ್ಟಿಗೆ ಎಷ್ಟು ಕುದಿ ನೀರು, ಎಷ್ಟು ಹೊತ್ತು ನಾದಬೇಕು, ಯಾವ ಜೋಳಕ್ಕೆ ಜಿಗುಟು ಹೆಚ್ಚು ಎಂಬುದನ್ನೆಲ್ಲ ಅವರು ಮುಚ್ಚುಮರೆಯಿಲ್ಲದೆ ತೋರಿಸಿದರು. ಮೂರು ದಿನದ ಕೂಲಿ ಮತ್ತು ಒಂದೊಂದು ಸ್ಟೀಲಿನ ಡಬ್ಬಿ ಕೊಟ್ಟೆವು.

ಹೊರಡುವ ಹೊತ್ತಿಗೆ ಒಬ್ಬ ಅಜ್ಜಿ ಕೈಯ ಹಿಟ್ಟು ಕೊಡವುತ್ತ ಕನ್ನಡದಲ್ಲಿ ಕೇಳಿದಳು: "ನಾವು ಹೇಳಿದ್ದು ನೀವು ಒಯ್ತೀರಿ. ಅಲ್ಲಿ ಹೋಗಿ ನೀವು ಕಲ್ತದ್ದು ನಮಗ ಯಾರು ಬಂದು ಹೇಳ್ತಾರ?"

ಕಂಪನಿಯ ಮ್ಯಾನೇಜರು ಏನೆಂದಳು ಎಂದು ಮರಾಠಿಯಲ್ಲಿ ವಿಚಾರಿಸಿದರು. "ಮತ್ತೆ ಯಾವಾಗ ಬರುತ್ತೀರೆಂದು ಕೇಳುತ್ತಿದ್ದಾಳೆ" ಎಂದೆ. ಅವರು ನಕ್ಕು, ಬೇಗನೆ ಬರುತ್ತೇವೆಂದರು. ಅಜ್ಜಿ ನನ್ನ ಮುಖ ನೋಡಿದಳು. ಸಂತೆಯ ಮರಾಠಿ ಆಕೆಗೂ ಬರುತ್ತಿತ್ತು. ಮುಖ್ಯವಾದ ಮಾತಾದ್ದರಿಂದ ಮನೆಯ ಮಾತಿನಲ್ಲಿ ಕೇಳಿದ್ದಳು. ಏನೂ ಅನ್ನದೆ ಒಳಗೆ ಹೋದಳು. ಒಪ್ಪಂದವಾಯಿತು. ಸಂಸ್ಥೆಯ ವಾರ್ಷಿಕ ವರದಿಯಲ್ಲಿ 'ಗ್ರಾಮೀಣ ಸಹಭಾಗಿತ್ವ' ಎಂಬ ತಲೆಬರಹದಡಿ ನಮ್ಮ ಚಿತ್ರ ಅಚ್ಚಾಯಿತು.

ನಾನು ಹೇಳಿದ ಸುಳ್ಳು ಸಣ್ಣದೆಂದು ಆಗ ಅನಿಸಿತ್ತು. ಇದರ ದೋಷ ಎಲ್ಲಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ನಡುವೆ ನಿಂತವನು ಯಾರ ಋಣದಲ್ಲಿದ್ದಾನೆ ಎಂಬ ಪ್ರಶ್ನೆಗೆ ಮೂರು ಸುಲಭದ ಉತ್ತರಗಳಿವೆ.

ಸಂಬಳ ಕೊಟ್ಟವರ ಋಣ ಎಂಬುದು ಮೊದಲನೆಯದು. ಉಂಡ ಮನೆಗೆ ಎರಡು ಬಗೆಯಬಾರದು, ನಿಜ. ಆದರೆ ನನ್ನನ್ನು ಅಲ್ಲಿಗೆ ಕಳಿಸಿದ್ದು ನಿಜವನ್ನು ತಿಳಿದು ಬರಲು; ಮಾತನ್ನು ತಿರುಚಿ ನಾನು ಸಂಸ್ಥೆಗೂ ಮೋಸವನ್ನೇ ಮಾಡಿದೆ. ಆ ಪ್ರಶ್ನೆ ಮ್ಯಾನೇಜರಿಗೆ ಮುಟ್ಟಿದ್ದರೆ ಅವರೊಂದು ಒಳ್ಳೆಯ ಉತ್ತರ ಕೊಡುತ್ತಿದ್ದರೋ ಏನೋ. ಸಜ್ಜನನಾಗುವ ಅವಕಾಶವನ್ನೂ ಅವರಿಗೆ ಇಲ್ಲದಂತೆ ಮಾಡಿದೆ.

ಎರಡನೆಯದು, ನಮ್ಮವರ ಋಣ. ಕನ್ನಡದವನು ಕನ್ನಡದವರ ಕಡೆ ನಿಲ್ಲಬೇಕೆಂಬ ಮಾತು ಗಡಿಯಲ್ಲಿ ಬೇಗ ನಾಲಿಗೆಗೆ ಬರುತ್ತದೆ. ಆದರೆ ಸೊಲ್ಲಾಪುರದ ಮಗ್ಗಗಳಲ್ಲಿ ನೇಯ್ದವರೆಷ್ಟೋ ಜನ ತೆಲುಗಿನ ಪದ್ಮಸಾಲಿಗಳು. ಅವರ ಅಜ್ಜಿ ತೆಲುಗಿನಲ್ಲಿ ಕೇಳಿದ್ದರೆ ನನಗೆ ಋಣವಿಲ್ಲವೇ? ಭಾಷೆಯ ನಂಟು ನನ್ನನ್ನು ಆ ಅಂಗಳದವರೆಗೆ ಒಯ್ದಿತು. ಅಲ್ಲಿಂದ ಮುಂದೆ ಬೇಕಾದದ್ದು ನ್ಯಾಯ; ಅದಕ್ಕೆ ಜಾತಿಯಿಲ್ಲ, ಭಾಷೆಯೂ ಇಲ್ಲ.

ಮೂರನೆಯದು, ನಡುವಿನವನು ನೀರಿನ ನಳಿಗೆಯಂತಿರಬೇಕು, ಬಂದದ್ದನ್ನು ಹಾಗೆಯೇ ಬಿಡಬೇಕೆಂಬುದು. ಕೇಳಲು ಚೆನ್ನಾಗಿದೆ. ಆದರೆ ಒಂದು ಕಡೆಯವರಿಗೆ ವಕೀಲರಿದ್ದಾರೆ, ಕಾಗದವಿದೆ, ಸಭೆ ಕರೆಯುವ ಅಧಿಕಾರವಿದೆ. ಇನ್ನೊಂದು ಕಡೆಯವರಿಗೆ ಹೊಸ್ತಿಲ ಬಳಿ ಕೇಳಿದ ಒಂದು ಪ್ರಶ್ನೆ ಮಾತ್ರ ಇದೆ. ಒಪ್ಪಂದ ಬರೆಯುವ ಕೋಣೆಯಲ್ಲಿ ಅಜ್ಜಿ ಇರಲಿಲ್ಲ. ಅಲ್ಲಿ ಆಕೆಯ ಪ್ರಶ್ನೆಯನ್ನು ಬಲ್ಲವನು ನಾನೊಬ್ಬನೇ. ನಾನು ನೆನಪಿಸಿ ಹೇಳದಿದ್ದರೆ ಅದು ಅಲ್ಲಿ ಇರುವುದೇ ಇಲ್ಲ. ಆದ್ದರಿಂದ ನಡುವೆ ನಿಂತವನ ಮೊದಲ ಋಣ ಕೋಣೆಯಲ್ಲಿ ಇಲ್ಲದವರದು. ಅವರ ಪರವಾಗಿ ತೀರ್ಪು ಕೊಡಬೇಕೆಂದಲ್ಲ, ಅವರ ಮಾತನ್ನು ಪೂರ್ತಿಯಾಗಿ ಒಳಗೆ ಒಯ್ಯಬೇಕು.

ಇದು ಆಗದ ಮಾತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ವಿಭಾಗವನ್ನು ಆರಂಭಿಸಿ, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ಮಾಡಿದರು. ಹಳ್ಳಿಯಲ್ಲಿ ಸೌದೆ ಎಷ್ಟು ಉರಿಯುತ್ತದೆ, ಅದನ್ನು ಹೊತ್ತು ತರುವವರು ಯಾರು ಎಂದು ಲೆಕ್ಕ ಹಾಕಿದರು. ಕಡಿಮೆ ಸೌದೆಯ ಅಸ್ತ್ರ ಒಲೆ ಅಡುಗೆಮನೆಗಳಿಗೆ ಬಂತು. ಪುರ ಗ್ರಾಮದಲ್ಲಿ ಸೆಗಣಿ ಅನಿಲದಿಂದ ದೀಪ ಉರಿಯಿತು, ಕುಡಿಯುವ ನೀರು ಮೇಲೇರಿತು. ಇಲ್ಲಿ ಪ್ರಶ್ನೆ ಹಳ್ಳಿಯದು, ಉತ್ತರ ಹಿಂದಿರುಗಿದ್ದೂ ಹಳ್ಳಿಗೇ.

ನಿಮ್ಮ ಕೇರಳದ ಉದಾಹರಣೆ ಇನ್ನೂ ಹತ್ತಿರದ್ದು. 1987ರಲ್ಲಿ ಅಗಸ್ತ್ಯಮಲೆಯ ಕಾಡಿನಲ್ಲಿ ದಾರಿ ತೋರಿಸಲು ಬಂದ ಕಾಣಿ ಜನ ದಣಿವಿಲ್ಲದೆ ನಡೆಯುವುದನ್ನು ಕಂಡು ವಿಜ್ಞಾನಿಗಳು ಕಾರಣ ಕೇಳಿದರು. ಅವರು ತಿನ್ನುತ್ತಿದ್ದ ಆರೋಗ್ಯಪಚ್ಚೆಯಿಂದ ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ 'ಜೀವನಿ' ಎಂಬ ಔಷಧ ಮಾಡಿ, ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ಪರವಾನಗಿ ಕೊಟ್ಟಿತು. ಶುಲ್ಕ 10 ಲಕ್ಷ ರೂಪಾಯಿ, ಮಾರಾಟದ ಮೇಲೆ ಶೇಕಡಾ 2 ಗೌರವಧನ. ಅದರಲ್ಲಿ ಅರ್ಧ ಕಾಣಿಗಳಿಗೆ ಸಲ್ಲಬೇಕೆಂದು ನಿಶ್ಚಯಿಸಿದರು. ಹಣ ಪಡೆಯಲು 1997ರಲ್ಲಿ ಅವರದೇ ಒಂದು ಟ್ರಸ್ಟ್ ನೋಂದಣಿಯಾಯಿತು. ಲೋಕವೆಲ್ಲ ಹೊಗಳಿತು. ಆದರೆ ನಮ್ಮನ್ನು ಕೇಳಲಿಲ್ಲವೆಂದು ಬೇರೆ ಕಡೆಯ ಕಾಣಿಗಳು ಅಸಮಾಧಾನಪಟ್ಟರು. ಸೊಪ್ಪು ಕೀಳುವುದಕ್ಕೆ ಅರಣ್ಯ ಇಲಾಖೆಯ ಆಕ್ಷೇಪವೂ ಬಂತು. ಹಣ ಹಂಚುವ ಮನಸ್ಸು ದೊಡ್ಡದೇ. ಆದರೆ ಹಂಚುವ ಮೊದಲು ಎಲ್ಲರ ಮಾತು ಕೇಳುವುದು ಅದಕ್ಕಿಂತ ಕಷ್ಟದ ಕೆಲಸವೆಂದು ಈ ಪ್ರಕರಣದಿಂದ ತಿಳಿಯುತ್ತದೆ.

ನನ್ನ ಮಾತಿಗೆ ಒಂದು ಎದುರುಮಾತಿದೆ, ಅದನ್ನು ನಾನೇ ಹೇಳಿಬಿಡುತ್ತೇನೆ. ಅಜ್ಜಿಯ ಪ್ರಶ್ನೆಯನ್ನು ಒಯ್ದಿದ್ದರೆ ಒಪ್ಪಂದ ಮುರಿದು ಬೀಳಬಹುದಿತ್ತು. ಕಂಪನಿ ಇನ್ನೊಂದು ಊರಿಗೆ ಹೋಗುತ್ತಿತ್ತು. ಮೂರು ದಿನದ ಕೂಲಿಯೂ ಇಲ್ಲ, ಡಬ್ಬಿಯೂ ಇಲ್ಲ. ಬಡ ಊರಿನಲ್ಲಿ ಇದು ಹಗುರವಾದ ಮಾತಲ್ಲ. ಆದರೆ ಆ ನಷ್ಟಕ್ಕೆ ಹೆದರಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕು ಅವರದಾಗಿತ್ತು. ಅವರ ಪರವಾಗಿ ನಾನು ಹೆದರಿದೆ. ಅದನ್ನು ವ್ಯವಹಾರಜ್ಞಾನ ಎಂದುಕೊಂಡೆ.

ನಿವೃತ್ತನಾದ ಮೇಲೆ ಒಮ್ಮೆ ಆ ಮನೆಗೆ ಹೋದೆ. ಅಜ್ಜಿ ಇರಲಿಲ್ಲ. ಸೊಸೆ ರೊಟ್ಟಿ ಬಡಿದು ಸೊಲ್ಲಾಪುರದ ಅಂಗಡಿಗಳಿಗೆ ಕಳಿಸುತ್ತಿದ್ದಳು. ಮಳೆಗಾಲದಲ್ಲಿ ಮಾಲು ಮೆತ್ತಗಾಗಿ ವಾಪಸು ಬರುತ್ತದೆಂದಳು. ತೇವ ಆಡದ ಚೀಲ ಯಾವುದು, ಅದರ ಬಾಯನ್ನು ಬಿಸಿಯಿಂದ ಮುಚ್ಚುವುದು ಹೇಗೆ, ಆಹಾರ ಸುರಕ್ಷತೆಯ ನೋಂದಣಿ ಎಲ್ಲಿ ಮಾಡಿಸಬೇಕು ಎಂದು ನಾನು ಬಲ್ಲಷ್ಟನ್ನು ಕುಳಿತು ಹೇಳಿದೆ. ಗುಟ್ಟಿನದೇನೂ ಅದರಲ್ಲಿರಲಿಲ್ಲ. ಎಲ್ಲ ಕೇಳಿ ಅವಳು, "ಇದನ್ನ ಆವಾಗ ಹೇಳಿದ್ರ ಚಲೋ ಇತ್ತಲ್ರೀ" ಎಂದಳು.

ತಂಗಿಯ ಮಗಳಿಗೆ ಈಗ ಪೂರ್ತಿ ಉತ್ತರ ಕೊಡಬಲ್ಲೆ. ಇದು ಒಳ್ಳೆಯ ಕೆಲಸವೇ. ನಮ್ಮಂಥ ಊರಿನ ಮಕ್ಕಳು ಅದಕ್ಕೆ ಹೋಗಲೇಬೇಕು, ಏಕೆಂದರೆ ಅಂಗಳದ ಮಾತು ತಿಳಿಯುವವರು ಆ ಕೋಣೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅವಳಿಗೆ ಒಂದು ನೋಟುಬುಕ್ಕು ಕಳಿಸಿದ್ದೇನೆ. ಊರಿನವರು ಕೇಳಿದ ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಅದರಲ್ಲಿ ಬರೆದುಕೊಳ್ಳಲಿ, ಸಹಿಯ ದಿನ ಅದನ್ನು ಮೇಜಿನ ಮೇಲಿಟ್ಟು ಓದಲಿ ಎಂದು. ಮೊದಲ ಪುಟದಲ್ಲಿ ಆ ಅಜ್ಜಿಯ ಪ್ರಶ್ನೆಯನ್ನು ನಾನೇ ಬರೆದಿದ್ದೇನೆ.